ಎಕ್ಸ್‌ಚೇಂಜ್ ಅತ್ತೆಯ ಮೂರು ಅಂಗಳ

ಅವರ ಬಲಗೈಯ ನಡುಬೆರಳಿನ ತುದಿಯ ಗೆಣ್ಣು ಒಳಕ್ಕೆ ಬಾಗಿತ್ತು. ಯಾರನ್ನಾದರೂ ಬಾ ಎಂದು ಕರೆಯುವಾಗ ಉಳಿದ ಬೆರಳುಗಳು ಆಮೇಲೆ ಮಡಚಿಕೊಳ್ಳುತ್ತಿದ್ದವು, ಇದು ಮೊದಲೇ ಬಾಗಿ ಕಾದಿರುತ್ತಿತ್ತು. ಏನಾಯಿತು ಎಂದು ಕೇಳಿದರೆ, "ಯಲ್ಲಾಪುರದ ಗಾಳಿ ಕೊಟ್ಟಿದ್ದು" ಎನ್ನುತ್ತಿದ್ದರು. ರಿಂಗ್ ಆಟದಲ್ಲಿ ಗಾಳಿಗೆ ಓರೆಯಾಗಿ ಬಂದ ರಬ್ಬರ್ ರಿಂಗನ್ನು ಹಿಡಿಯಲು ಹೋಗಿ ಬೆರಳು ಮುರಿದುಕೊಂಡದ್ದು. ಮೊಣಕಾಲಿನ ಮೇಲಿದ್ದ ಉದ್ದ ಗಾಯದ ಕಲೆ ಸಿದ್ದಾಪುರ ಕೊಟ್ಟದ್ದು. ಹಾಗಾದರೆ ಶಿರಸಿ ಎಂತ ಕೊಟ್ಟಿದೆ ಎಂದು ನಾನು ಒಮ್ಮೆ ಕೇಳಿದೆ. "ನಿನ್ನ ಕಾಟ" ಎಂದರು.

ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಯಲ್ಲಾಪುರ, ಸಿದ್ದಾಪುರ ಮುಗಿಸಿ ಶಿರಸಿಗೆ ವರ್ಗವಾಗಿ ಬಂದಾಗ ನಮ್ಮ ಮನೆಯ ಹಿಂಬದಿಯ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದರು. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದೆ. ಅವರಿಗೆ ಮದುವೆಯಾಗಿರಲಿಲ್ಲ, ಯಾಕೆಂದು ಕೇಳುವ ಧೈರ್ಯ ನಮ್ಮಮ್ಮನಂಥವಳಿಗೂ ಇರಲಿಲ್ಲ. ಅಪ್ಪನನ್ನು ಅಣ್ಣಯ್ಯ, ಅಮ್ಮನನ್ನು ಅತ್ತಿಗೆ ಎಂದು ಅವರೇ ಕರೆಯಲು ಶುರುಮಾಡಿದ್ದರಿಂದ ನನಗೆ ಎಕ್ಸ್‌ಚೇಂಜ್ ಅತ್ತೆಯಾದರು. ಸಾಮಾನು ಇಳಿಸಿದ ದಿನ ಒಂದು ಟ್ರಂಕು, ಒಂದು ಸ್ಟೋವ್, ಸುತ್ತಿಟ್ಟ ನೆಟ್ಟು ಮತ್ತು ನೀಲಿ ರಬ್ಬರಿನ ಎರಡು ರಿಂಗುಗಳಿದ್ದವು. ಪಾತ್ರೆಗಳು ಎರಡನೇ ಸಲಕ್ಕೆ ಬಂದವು.

ರಿಂಗ್ ಆಟ ನಮ್ಮ ಕಡೆಯ ಶಾಲೆಗಳಲ್ಲಿ ಹುಡುಗಿಯರಿಗೆಲ್ಲ ಗೊತ್ತು. ನಡುವೆ ನೆಟ್ಟು, ಈಚೆಯವರು ಎಸೆದದ್ದನ್ನು ಆಚೆಯವರು ಒಂದೇ ಕೈಯಲ್ಲಿ ಹಿಡಿದು ತಿರುಗಿ ಎಸೆಯಬೇಕು, ಹಾರುವಾಗ ರಿಂಗು ನಡುಗಬಾರದು. ಶಾಲೆ ಬಿಟ್ಟ ಮೇಲೆ ಹುಡುಗಿಯರು ಅದನ್ನೂ ಬಿಡುತ್ತಾರೆ. ಅತ್ತೆ ಬಿಡಲಿಲ್ಲ ಅಷ್ಟೇ. ಹೋದ ಊರಿನಲ್ಲೆಲ್ಲ ಒಂದು ಅಂಗಳ ಹುಡುಕಿ, ಕಂಬ ನೆಟ್ಟು, ಸುತ್ತಲಿನ ಹೆಂಗಸರನ್ನು ಎಳೆದು ತಂದು ಆಡಿಸಿದರು. ಸರ್ವ್ ಮಾಡುವ ಮುಂಚೆ ಎದುರಿನವರನ್ನು ನೋಡಿ, "ಮಾತಾಡಿ" ಎನ್ನುತ್ತಿದ್ದರು. ಟ್ರಂಕ್ ಕಾಲ್ ಜೋಡಿಸಿದ ಮೇಲೆ ಆಪರೇಟರುಗಳು ಹೇಳುತ್ತಿದ್ದ ಮಾತು ಅದು. ದಿನವಿಡೀ ಹೇಳಿ ಹೇಳಿ ಬಾಯಿಗೆ ಅಂಟಿಕೊಂಡಿತ್ತು. ಮಾತಾಡಿ ಎನ್ನುವುದು ಕಿವಿಗೆ ಬೀಳುವಷ್ಟರಲ್ಲಿ ರಿಂಗು ನಮ್ಮ ಮೂಗಿನ ಹತ್ತಿರ ಇರುತ್ತಿತ್ತು.

ನಮ್ಮ ಹಿತ್ತಿಲಿನಲ್ಲಿ ಬಾವಿಯಿಂದ ಈಚೆಗೆ ಖಾಲಿ ಜಾಗವಿತ್ತು. ಬಂದ ವಾರದಲ್ಲೇ ಅತ್ತೆ ಒಂದು ಬೆಳಿಗ್ಗೆ ತಂಬಿಗೆಯ ತುಂಬ ನೀರು ಹಿಡಿದು ಅಲ್ಲಿ ನಡುವೆ ನಿಂತರು. ಏನೋ ಪೂಜೆಯಿರಬೇಕೆಂದು ಅಮ್ಮ ಚಪ್ಪಲಿ ಬಿಟ್ಟು ಬಂದಳು. ಅತ್ತೆ ಕೂತು, ನೀರನ್ನು ನಿಧಾನ ಸುರಿದು, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಿದರು. ನೀರು ಎತ್ತಲೂ ಹೋಗಲಿಲ್ಲ. ಕಾವಲಿಯ ಮೇಲಿನ ದೋಸೆಯ ಹಾಗೆ ಗುಂಡಗೆ ಹರಡಿ, ಇದ್ದಲ್ಲೇ ನಿಂತು, ಇದ್ದಲ್ಲೇ ಇಂಗಿತು. ಅವರು ಎದ್ದು ಸೀರೆ ಕೊಡವಿಕೊಂಡರು. "ಅತ್ತಿಗೆ, ಹಿತ್ಲು ಯಂಗೆ ಕೊಡಿ" ಎಂದು ಹಿತ್ತಿಲನ್ನು ತಮಗೆ ಕೇಳಿಬಿಟ್ಟರು. ಅಮ್ಮನಿಗೆ ನಗು ತಡೆಯಲಾಗಲಿಲ್ಲ.

ಕೋರ್ಟು ಹಾಕುವ ಮುಂಚೆ ಅವರು ಹಾಗೆ ನೀರು ಸುರಿದು ನೋಡುವುದು ಒಂದೇ ಸಲ. ಗೆರೆ ಎಳೆದ ಮೇಲೆ ಮತ್ತೆ ನೋಡುತ್ತಿರಲಿಲ್ಲ. ಒಪ್ಪಿಕೊಂಡ ಅಂಗಳವನ್ನು ಪದೇ ಪದೇ ಪರೀಕ್ಷೆ ಮಾಡಬಾರದು ಎಂಬುದು ಅವರ ಲೆಕ್ಕ.

ಆಡಿ ದಣಿದು ಬಾವಿಕಟ್ಟೆಯ ಮೇಲೆ ಕೂತಾಗ ಮೂರೂ ಊರಿನ ಅಂಗಳಗಳ ಮಾತು ಬರುತ್ತಿತ್ತು. ಸಂಸಾರಸ್ಥರು ಸೊಸೆಯಂದಿರನ್ನು ಹೋಲಿಸಿ ಮಾತಾಡುವಂತೆ ಇವರು ಅಂಗಳಗಳನ್ನು ಹೋಲಿಸುತ್ತಿದ್ದರು. ಯಲ್ಲಾಪುರದ್ದು ಕ್ವಾರ್ಟರ್ಸಿನ ಹಿಂದೆ ಸಾಗವಾನಿಯ ಮರಗಳ ಪಕ್ಕ; ನೆಲ ಗಟ್ಟಿ, ಕಾಲು ಜಾರುವುದಿಲ್ಲ, ಆದರೆ ರಸ್ತೆಯ ಕಡೆಯ ಗಾಳಿ ಯಾರ ಮಾತನ್ನೂ ಕೇಳುವುದಿಲ್ಲ. ಆಟದ ನಡುವೆ ಊಟದೆಲೆಯಷ್ಟು ದೊಡ್ಡ ಎಲೆ ಬಿದ್ದರೆ ರಿಂಗೆಂದು ತಿಳಿದು ಹಿಡಿದವರಿದ್ದಾರಂತೆ. ಸಿದ್ದಾಪುರದ್ದು ಹಾಲಿನ ಡೈರಿಯ ಹಿಂದೆ, ಹಲಸಿನ ಮರದ ಕೆಳಗೆ. ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ, ಮಣ್ಣು ಮೆದು, ಬಿದ್ದರೂ ನೋವಿಲ್ಲ. ಹಾಗೆಂದು ನಂಬಿ ಬಿದ್ದಾಗಲೇ ಮೊಣಕಾಲು ಒಡೆದದ್ದು. ನಮ್ಮದರಲ್ಲಿ ಒಂದು ಮೂಲೆಗೆ ಬಾವಿ. ಜೋರಾಗಿ ಎಸೆದರೆ ರಿಂಗು ಬಾವಿಗೆ ಬಿದ್ದು ತೇಲುತ್ತಿತ್ತು. ಕೊಡ ಬಿಟ್ಟು ಅದನ್ನು ಎತ್ತುವುದೇ ಇನ್ನೊಂದು ಆಟ.

ಇಷ್ಟೆಲ್ಲ ಹೇಳಿ, ಮೂರರಲ್ಲಿ ಯಾವುದು ಚಲೋ ಎಂದು ಕೇಳಿದರೆ ಮಾತ್ರ, "ಮೂರೂ ಚಲೋ ಇದ್ದು. ಒಂದೊಂದರ ಗುಣ ಒಂದೊಂದು" ಎಂದು ಎದ್ದುಬಿಡುತ್ತಿದ್ದರು.

ಚಳಿಗಾಲದಲ್ಲಿ ಒಂದು ಭಾನುವಾರ ಮೂರೂ ಊರಿನ ಹೆಂಗಸರು ಒಂದು ಕಡೆ ಸೇರಿ ಆಡುತ್ತಿದ್ದರು. ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ. ಅದಕ್ಕೆ ಬ್ಯಾನರೂ ಇಲ್ಲ, ಕಪ್ಪೂ ಇಲ್ಲ. ಅವಲಕ್ಕಿ, ಬಾಳೆಹಣ್ಣು, ಚಹಾ. ಯಲ್ಲಾಪುರದ ಗುಂಪಿನಲ್ಲಿ ಕಿರವತ್ತಿಯ ಒಬ್ಬ ನರ್ಸಮ್ಮ ಇದ್ದರು. ನಮ್ಮ ಹಿತ್ತಿಲಿನಲ್ಲಿ ಸೋತಾಗಲೆಲ್ಲ, "ಇಲ್ಲಿ ಗಾಳಿನ ಇಲ್ರಿ, ಗಾಳಿ ಇಲ್ದ ಆಡೋದು ಒಂದ್ ಆಟ ಏನ್ರಿ? ನಮ್ಮ ಕಡೆ ಬರ್ರಿ, ತೋರಸ್ತೀನಿ" ಎನ್ನುತ್ತಿದ್ದರು. ಸಿದ್ದಾಪುರದ ಡೈರಿಯ ಅಕ್ಕ ಬಾವಿಯನ್ನು ದೂರುತ್ತಿದ್ದರು. ಯಾವ ಊರು ಗೆದ್ದಿತು ಎಂಬುದು ಸಂಜೆಯ ಬಸ್ಸು ಹತ್ತುವಷ್ಟರಲ್ಲಿ ಮರೆತುಹೋಗುತ್ತಿತ್ತು, ಯಾರ ಅಂಗಳ ಮೇಲು ಎಂಬ ಜಗಳ ಮುಂದಿನ ವರ್ಷಕ್ಕೂ ಬಾಕಿ ಇರುತ್ತಿತ್ತು. ತೀರ್ಪು ಕೊಡಬೇಕಾದವರು ಒಬ್ಬರೇ, ಅವರು ಬಾಯಿ ಬಿಡುತ್ತಿರಲಿಲ್ಲ.

ಬಾಯಿ ಬಿಟ್ಟರೆ ಎಲ್ಲರೂ ನಂಬುತ್ತಿದ್ದರು ಎಂಬುದೇ ಅದಕ್ಕೆ ಕಾರಣವಿರಬೇಕು. ಒಂದು ವರ್ಷ ಯಲ್ಲಾಪುರದಲ್ಲಿ ಕೊನೆಯ ಪಾಯಿಂಟು. ಅತ್ತೆ ಎಸೆದದ್ದು ಗೆರೆಯೊಳಗೆ ಬಿತ್ತು, ನಾವು ಗೆದ್ದೆವೆಂದು ಕುಣಿಯತೊಡಗಿದ್ದೆವು. ಇವರು ಕೈಯೆತ್ತಿ, "ನಂದು ಫೌಲು. ನಡುಗಿದ್ದು" ಎಂದರು. ರೆಫ್ರಿಗೆ ಕಂಡಿರಲಿಲ್ಲ, ಎದುರಾಳಿಗಳಿಗೂ ಕಂಡಿರಲಿಲ್ಲ. ಪಾಯಿಂಟು ಹೋಯಿತು, ಆಟವೂ ಹೋಯಿತು. ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡು ಕೂತಿದ್ದಕ್ಕೆ, "ಯನ್ನ ಕೈಯಿಂದ ಹೋದ ರಿಂಗು ನಡುಗಿದ್ದು ಯಂಗೆ ಗೊತ್ತಾಗದಿದ್ರೆ ಯಾರಿಗೆ ಗೊತ್ತಾಗವು?" ಎಂದು ಒಂದು ಕಡಲೆಮಿಠಾಯಿ ಕೊಟ್ಟರು. ಸಿಟ್ಟಿನಲ್ಲೇ ತಿಂದೆ.

ನನಗೆ ಆಟ ಕಲಿಸಿದ್ದು ಅವರೇ. "ಕೂಸೆ, ಯನ್ನ ಕೈ ನೋಡಡ, ರಿಂಗ್ ನೋಡು" ಎಂದು ಸಾವಿರ ಸಲ ಹೇಳಿರಬಹುದು. ಹೈಸ್ಕೂಲಿನಲ್ಲಿ ಜಿಲ್ಲೆಯ ತನಕ ಹೋದೆ. ನೇರ ಡಯಲ್ ಮಾಡುವ ಫೋನುಗಳು ಬಂದು ಆಪರೇಟರುಗಳ ಕೆಲಸ ಕಡಿಮೆಯಾದಾಗ ಅತ್ತೆಗೆ ಮೇಜಿನ ಮುಂದೆ ಕೂರುವ ಬೇರೆ ಕೆಲಸ ಕೊಟ್ಟರು. ಅದರಲ್ಲಿ ಅವರಿಗೆ ಮನಸ್ಸಿರಲಿಲ್ಲ. ಸಂಜೆ ಹಿತ್ತಿಲಿಗೆ ಬಂದು ಸೀರೆಯ ಸೆರಗು ಸಿಕ್ಕಿಸಿದಾಗಲೇ ಅವರ ಮುಖಕ್ಕೆ ಕಳೆ ಬರುತ್ತಿದ್ದದ್ದು. ದಿನವೆಲ್ಲ ಆ ಅಂಗಳಕ್ಕಾಗಿ ಕಾಯುತ್ತಾರೆ ಎಂಬುದು ನಮಗೆಲ್ಲ ಗೊತ್ತಿತ್ತು.

ನಾನು ಪಿಯುಸಿ ಮುಗಿಸಿದ ವರ್ಷ. ಧಾರವಾಡದಲ್ಲಿ ವ್ಯಾಯಾಮ ಶಿಕ್ಷಣದ ಕೋರ್ಸು ಮಾಡಬೇಕೆಂದು ಹಟ ಹಿಡಿದಿದ್ದೆ. ಅಪ್ಪ ಅಡಿಕೆ ವಖಾರಿಯಲ್ಲಿ ಗುಮಾಸ್ತ. ಹಾಸ್ಟೆಲ್ಲಿನಲ್ಲಿಟ್ಟು ಓದಿಸುವಷ್ಟು ಕೈ ಉದ್ದವಿರಲಿಲ್ಲ. ಹಿತ್ತಿಲಿನಲ್ಲಿ ಎರಡು ರೂಮು ಎಬ್ಬಿಸಿ ಬಾಡಿಗೆಗೆ ಕೊಟ್ಟರೆ ನನ್ನ ಓದು ನಡೆಯುತ್ತದೆಂದು ಅಮ್ಮನೇ ಸೂಚಿಸಿದಳು. ಬೇರೆ ಜಾಗವಿರಲಿಲ್ಲ. ಅಪ್ಪ ಚಿರೇಕಲ್ಲು ತರಿಸಿ ಬೇಲಿಯ ಬದಿಗೆ ಪೇರಿಸಿದ. ಆಮೇಲೆ ಮಾತ್ರ ಅವನ ಮನಸ್ಸು ಹಿಂದೆ ಮುಂದೆ ನೋಡತೊಡಗಿತು. ಅಷ್ಟು ವರ್ಷ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಆಟ ನೋಡಿದವನು. ಹೆಂಗಸರು ನಗುವ ಹಿತ್ತಿಲು ತನ್ನದೆಂದು ವಖಾರಿಯಲ್ಲಿ ಹೇಳಿಕೊಂಡವನು.

ಒಂದು ಸಂಜೆ ಆಟ ಮುಗಿದ ಮೇಲೆ ಎಲ್ಲರೆದುರೇ ಕೇಳಿದ. "ತಂಗಿ, ಮೂರೂ ಕಡೆ ಆಡಿದವಳು ನೀನು. ಸುಳ್ಳು ಹೇಳವಳಲ್ಲ. ಮೂರರಲ್ಲಿ ಯಾವ ಅಂಗಳ ಚಲೋ, ಇವತ್ತು ಹೇಳಿಬಿಡು. ನಮ್ಮದೇ ಹೇಳಾದ್ರೆ ಅದರ ಮೇಲೆ ಕಲ್ಲು ಇಡ್ತ್ನಿಲ್ಲೆ."

"ಹಂಗಾರೆ ಕೂಸಿನ ಧಾರವಾಡ?" ಎಂದಳು ಅಮ್ಮ.

"ಮುಂದಿನ ವರ್ಷ ನೋಡನ."

ಮುಂದಿನ ವರ್ಷ ನೋಡೋಣ ಎಂದರೆ ನಮ್ಮ ಮನೆಯಲ್ಲಿ ಏನರ್ಥವೆಂದು ಅತ್ತೆಗೂ ಗೊತ್ತಿತ್ತು. ಆಗ ಅವರು ನೆಟ್ಟಿನ ಹಗ್ಗ ಬಿಚ್ಚುತ್ತಿದ್ದರು. ಗಂಟು ಬಿಗಿದುಕೊಂಡಿತ್ತು, ಬಾಗಿದ ಬೆರಳಿನಿಂದ ಅದನ್ನು ಎಳೆಯುತ್ತಲೇ ಇದ್ದರು. ಒಂದು ಮಾತು, ನಮ್ಮದು ಎಂಬ ಒಂದೇ ಮಾತು ಅಂಗಳವನ್ನು ಉಳಿಸುತ್ತಿತ್ತು. ನಾನೂ ಅದನ್ನೇ ಬಯಸುತ್ತಿದ್ದೆ; ಹದಿನೆಂಟರ ತಲೆಗೆ ಎರಡೂ ಬೇಕು, ಎರಡೂ ಸಿಗುತ್ತವೆ ಎಂದೇ ಇರುತ್ತದೆ.

"ಸಿದ್ದಾಪುರದ್ದು, ಅಣ್ಣಯ್ಯ" ಎಂದರು. "ಅಲ್ಲಿ ನೀರು ಹೊಯ್ದರೆ ಹೊಯ್ದಲ್ಲೇ ನಿಲ್ತು. ನಮ್ಮದು ಅದರ ಮುಂದೆ ಎಂತದೂ ಅಲ್ಲ."

ಅಪ್ಪ ಚಹಾದ ಲೋಟ ಕೆಳಗಿಟ್ಟು ಒಳಗೆ ಹೋದ. ಮರುವಾರ ಪಾಯ ತೋಡಿದರು. ಕಂಬ ಕೀಳುವಾಗ ಅತ್ತೆಯೇ ಒಂದು ಬದಿಗೆ ಕೈ ಕೊಟ್ಟರು. ನಾನು ಸಿಟ್ಟಿನಲ್ಲಿ ಬೆನ್ನು ತಿರುಗಿಸಿ ಒಳಗೆ ಹೋದೆ. ಅವರು ಸುಳ್ಳು ಹೇಳಿರಬಹುದೆಂದು ಮಾತ್ರ ಒಮ್ಮೆಯೂ ಅನಿಸಲಿಲ್ಲ. ಗೆದ್ದ ಆಟವನ್ನು ಬಿಟ್ಟುಕೊಟ್ಟ ಹೆಂಗಸು ಅಂಗಳವನ್ನೂ ಅದೇ ನಿಯತ್ತಿನಿಂದ ಬಿಟ್ಟುಕೊಟ್ಟಿದ್ದಾರೆ ಎಂದೇ ತಿಳಿದಿದ್ದೆ. ಅಷ್ಟು ನಿಯತ್ತು ಯಾರಿಗೆ ಬೇಕಿತ್ತು ಎಂದು ಗೊಣಗಿಕೊಂಡೇ ಧಾರವಾಡದ ಬಸ್ಸು ಹತ್ತಿದೆ. ಬೀಳ್ಕೊಡಲು ಬಂದವರು ಕಿಟಕಿಯಿಂದ ಒಂದು ನೀಲಿ ರಿಂಗು ಒಳಗೆ ಹಾಕಿ, "ಅಲ್ಲಿ ಯಾರಾದ್ರೂ ಆಡವರು ಸಿಗ್ತ, ಹುಡ್ಕು" ಎಂದರು.

ಆಮೇಲೆ ಭಾನುವಾರಗಳಲ್ಲಿ ಬಸ್ಸು ಹಿಡಿದು ಸಿದ್ದಾಪುರಕ್ಕೆ ಹೋಗಿ ಆಡಿ ಬರುತ್ತಿದ್ದರೆಂದು ಅಮ್ಮ ಹೇಳುತ್ತಿದ್ದಳು. ನಿವೃತ್ತಿಯಾದ ಮೇಲೆ ಅಲ್ಲೇ ಮನೆ ಮಾಡಿದರು. ನನಗೆ ನಂದೊಳ್ಳಿಯ ಕಡೆ ಶಾಲೆಯಲ್ಲಿ ಕೆಲಸ ಸಿಕ್ಕ ಸುದ್ದಿ ಹೇಳಲು ಫೋನ್ ಮಾಡಿದಾಗ, ಹಲೋ ಎನ್ನುವ ಬದಲು "ಮಾತಾಡಿ" ಎಂದರು. ಅದೇ ನಾನು ಕೇಳಿದ ಕೊನೆಯ "ಮಾತಾಡಿ". ಎರಡು ಸಾವಿರದ ದಶಕ ನಡುವಿಗೆ ಬರುವ ಹೊತ್ತಿಗೆ, ಒಂದು ಮಳೆಗಾಲದಲ್ಲಿ, ಜ್ವರವೆಂದು ಮಲಗಿದವರು ಏಳಲಿಲ್ಲ. ಸುದ್ದಿ ನನಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ಚಳಿಗಾಲದಲ್ಲಿ ಅವರ ನೆನಪಿಗೆಂದು ಎಲ್ಲರೂ ಸಿದ್ದಾಪುರದಲ್ಲಿ ಸೇರಿದೆವು. ಆಟ ಶುರುವಾಗುವ ಮುಂಚೆ ನಾನು ಡೈರಿಯ ನಲ್ಲಿಯಿಂದ ಒಂದು ತಂಬಿಗೆ ನೀರು ಹಿಡಿದು ಕೋರ್ಟಿನ ನಡುವೆ ಕೂತೆ. ಅತ್ತೆಗೆ ಅಷ್ಟು ಮೆಚ್ಚಾದ ನೆಲದಲ್ಲಿ ನೀರು ಗುಂಡಗೆ ನಿಲ್ಲುವುದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಆಸೆ. ಸುರಿದೆ. ನೀರು ಒಂದು ಗಳಿಗೆ ತಡೆದು, ನಾಲಿಗೆ ಚಾಚಿದಂತೆ ಹಲಸಿನ ಮರದ ಕಡೆ ಓಡಿತು. ಬೇರೆ ಕಡೆ ಕೂತು ಮತ್ತೆ ಸುರಿದೆ. ಅಲ್ಲಿಂದಲೂ ಅತ್ತಲೇ ಓಡಿತು.

ಡೈರಿಯ ಅಕ್ಕ ಹಿಂದೆ ಬಂದು ನಿಂತಿದ್ದರು. "ಎಂತ ಹುಡ್ಕ್ತೀಯೆ ಮಾರಾಯ್ತಿ? ನಮ್ಮ ಅಂಗಳ ಮರದ ಬದಿಗೆ ಇಳೀತದೆ. ನಿಮ್ಮ ಅತ್ತೆನೇ ಬಂದ ಮೊದಲ್ನೇ ದಿನ ಹೊಯ್ದು ನೋಡಿ ಹೇಳಿದ್ರು, ಬೇರೆ ಜಾಗ ಇಲ್ದೆ ಇಲ್ಲೇ ಹಾಕಿದ್ದು. ಕಡೆ ಕಡೆಗೆ ಆಡುವಾಗೆಲ್ಲ ಒಂದೇ ಮಾತು ಅವರದ್ದು. ಶಿರಸಿಯದ್ದು ಅಂಗಳ ಅಂದ್ರೆ ಅಂಗಳ, ಅಂಥದ್ದು ಮತ್ತೆ ಕಾಲಿಗೆ ಸಿಗಲಿಲ್ಲ ಅಂತ."

ನಾನು ಖಾಲಿ ತಂಬಿಗೆ ಹಿಡಿದುಕೊಂಡು ಅಲ್ಲೇ ಕೂತು ಅತ್ತುಬಿಟ್ಟೆ. ಡೈರಿಯ ಅಕ್ಕ ಬೆನ್ನು ಸವರಿದರು. ಶಿರಸಿಗೆ ಬಂದು ಅಪ್ಪನಿಗೆ ಹೇಳಿದೆ. ಅವನು ಹಿತ್ತಿಲಿನ ರೂಮುಗಳ ಕಡೆ ನೋಡಿದ. "ಅವತ್ತು ತಂಗಿ ಯನ್ನ ಮುಖ ನೋಡಿ ಹೇಳಿದ್ದಿಲ್ಲೆ" ಎಂದ. "ನೆಟ್ಟಿನ ಗಂಟು ನೋಡಿ ಹೇಳಿದ್ದು."

ಅವರ ಬದುಕಿನಲ್ಲಿ ಅವರದೇ ಎನ್ನುವಂಥದ್ದು ಒಂದು ಅಂಗಳ ಇತ್ತು. ಅದನ್ನು ಕೊಟ್ಟು ನನ್ನನ್ನು ಓದಿಸಿದರು. ಕೊಟ್ಟೆನೆಂದು ಬಾಯಿ ಬಿಡದೆ ಹೋದರು. ಈ ಋಣವನ್ನು ತೀರಿಸುವ ದಾರಿ ನನಗೆ ಗೊತ್ತಿಲ್ಲ. ನಾನು ಹೋದ ಶಾಲೆಗಳಲ್ಲೆಲ್ಲ ಒಂದು ರಿಂಗ್ ಕೋರ್ಟು ಹಾಕಿಸಿದ್ದೇನೆ. ನನ್ನ ಹುಡುಗಿಯರು ಸರ್ವ್ ಮಾಡುವ ಮುಂಚೆ ಮಾತಾಡಿ ಎನ್ನುತ್ತಾರೆ, ಅದು ಆಟದ ನಿಯಮವೆಂದೇ ತಿಳಿದಿದ್ದಾರೆ. ಪ್ರತಿ ಸಲವೂ ಗೆರೆ ಎಳೆಯುವ ಮೊದಲು ತಂಬಿಗೆ ಹಿಡಿದು ನಡುವೆ ಕೂತು ನೀರು ಸುರಿಯುತ್ತೇನೆ. ಗುಂಡಗೆ ನಿಂತದ್ದು ಇನ್ನೂ ಒಂದೂ ಸಿಕ್ಕಿಲ್ಲ.