ಬಾಣಂತಿಯ ನೀರು, ನನ್ನ ನಲವತ್ತು ಅಧ್ಯಯನಗಳು

ಸ್ನಾತಕೋತ್ತರ ನರ್ಸಿಂಗ್ ಓದುವವರ ಪಾಡು ಹೊರಗಿನವರಿಗೆ ತಿಳಿಯುವುದಿಲ್ಲ. ಹನ್ನೊಂದು ವರ್ಷ ವಾರ್ಡಿನಲ್ಲಿ ಸೂಜಿ ಚುಚ್ಚಿ, ಡ್ರಿಪ್ ಹಾಕಿ, ರಾತ್ರಿ ಹಗಲೆನ್ನದೆ ಹೆರಿಗೆ ಮಾಡಿಸಿ ಬಂದವಳನ್ನು ಕೋಲಾರದ ಒಂದು ಕಾಲೇಜಿನ ಬೆಂಚಿನ ಮೇಲೆ ಕೂರಿಸಿ, ನಿನಗೆ ಗೊತ್ತಿರುವುದನ್ನು ಬಿಡು, ಬೇರೆಯವರು ಏನು ಬರೆದಿದ್ದಾರೆ ಹೇಳು ಅನ್ನುತ್ತಾರೆ. ಅದಕ್ಕೆ ಸಿಂಥೆಸಿಸ್ ಪೇಪರ್ ಎಂದು ಹೆಸರು. ಒಂದು ವಿಷಯದ ಮೇಲೆ ಬಂದಿರುವ ಅಧ್ಯಯನಗಳನ್ನೆಲ್ಲ ಓದಿ, ಅವೆಲ್ಲ ಸೇರಿ ಏನು ಹೇಳುತ್ತವೆ ಎಂದು ಬರೆಯಬೇಕು. ನಲವತ್ತಕ್ಕೆ ಕಡಿಮೆ ಇರಕೂಡದು ಎಂದು ನಮ್ಮ ಗೈಡ್ ಮೇಡಂ ಮೊದಲ ದಿನವೇ ಹೇಳಿದ್ದರು. ನಲವತ್ತೇ ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬಹುಶಃ ಅವರ ಗೈಡ್ ಅವರಿಗೂ ಹಾಗೇ ಹೇಳಿದ್ದರು.

ನಾನು ಆರಿಸಿಕೊಂಡ ವಿಷಯ, ಬಾಣಂತಿಯರಿಗೆ ನೀರು ಕೊಡದಿರುವ ಪದ್ಧತಿ. ಹೆರಿಗೆಯಾದವಳು ನೀರು ಕುಡಿದರೆ ಮೈ ಊದಿಕೊಳ್ಳುತ್ತದೆ, ಹೊಟ್ಟೆ ಇಳಿಯುವುದಿಲ್ಲ, ಹೊಲಿಗೆ ಕೀವಾಗುತ್ತದೆ, ಮಗುವಿಗೆ ಶೀತ ಹಿಡಿಯುತ್ತದೆ ಎಂದು ನಮ್ಮ ಕಡೆ ಮನೆಮನೆಯಲ್ಲೂ ನಂಬುತ್ತಾರೆ. ಓಂಕಾಳು ಹಾಕಿ ಕಾಯಿಸಿದ ನೀರನ್ನು ಹೊತ್ತಿಗೆ ಅರ್ಧ ಲೋಟ ಕೊಟ್ಟರೆ ಅದೇ ದೊಡ್ಡ ಉಪಕಾರ. ಈ ಪದ್ಧತಿಯನ್ನು ಆರಿಸಿಕೊಂಡದ್ದು ಸಮಾಜವನ್ನು ತಿದ್ದಬೇಕು ಎಂದೇನೂ ಅಲ್ಲ. ಹುಟ್ಟಿನಿಂದ ನೋಡಿದ ವಿಷಯ, ಓದದಿದ್ದರೂ ಅರ್ಧ ಬರೆಯಬಹುದು ಎಂಬ ಸೋಮಾರಿತನ.

ಓದಲು ಕೂತ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ನಾನು ಒಟ್ಟುಮಾಡಿದ ಅಧ್ಯಯನಗಳಲ್ಲಿ ಮುಕ್ಕಾಲು ಪಾಲು ಒಂದೇ ಅಚ್ಚಿನಲ್ಲಿ ಎರೆದವು. ಮೊದಲು ಒಂದಷ್ಟು ಹೆಂಗಸರನ್ನು ಸಾಲಾಗಿ ಕೂರಿಸಿ ಪ್ರಶ್ನೆ ಕೇಳುವುದು. ಅವರಿಗೆ ಏನೂ ಗೊತ್ತಿರುವುದಿಲ್ಲ. ಆಮೇಲೆ ಚಾರ್ಟು ತೋರಿಸಿ ಪಾಠ ಮಾಡುವುದು. ವಾರ ಬಿಟ್ಟು ಮತ್ತೆ ಅದೇ ಪ್ರಶ್ನೆ ಕೇಳುವುದು. ಈಗ ಅವರಿಗೆ ಎಲ್ಲ ಗೊತ್ತಿರುತ್ತದೆ. ಆದ್ದರಿಂದ ಪಾಠ ಪರಿಣಾಮಕಾರಿ. ಪಾಠ ಕೇಳಿದ ಹೆಂಗಸು ಮನೆಗೆ ಹೋಗಿ ಒಂದು ಲೋಟ ನೀರು ಕುಡಿದಳೋ ಇಲ್ಲವೋ, ಅದನ್ನು ನೋಡಲು ಯಾರಿಗೂ ಪುರುಸೊತ್ತಿದ್ದ ಹಾಗೆ ಕಾಣಲಿಲ್ಲ.

ಮೊದಲ ಕರಡನ್ನು ಕೊಟ್ಟಾಗ ಮೇಡಂ ಎರಡು ಪುಟ ತಿರುವಿ ಮೇಜಿನ ಮೇಲೆ ಇಟ್ಟರು. ಇದರಲ್ಲಿ ಸಿಂಥೆಸಿಸ್ ಎಲ್ಲಿದೆಯಮ್ಮಾ ಎಂದು ಕೇಳಿದರು. ಎಲ್ಲ ಬೇರೆಬೇರೆ ಕೂತಿವೆ, ಒಂದರ ಜೊತೆ ಒಂದು ಮಾತಾಡುತ್ತಲೇ ಇಲ್ಲ ಅಂದರು. ಹೇಗೆ ಮಾತಾಡಿಸಬೇಕು ಎಂದು ಕೇಳಿದ್ದಕ್ಕೆ, ಅದನ್ನು ನೀವೇ ಕಂಡುಕೊಳ್ಳಬೇಕು, ಅದಕ್ಕೇ ಅಲ್ಲವಾ ಸ್ನಾತಕೋತ್ತರ ಅನ್ನುವುದು ಎಂದು ಹೇಳಿ, ಶ್ರೀನಿವಾಸಪುರದ ಬಸ್ಸಿಗೆ ಹೊತ್ತಾಯಿತೆಂದು ಬ್ಯಾಗು ಎತ್ತಿಕೊಂಡು ಹೊರಟೇಬಿಟ್ಟರು.

ನನಗೆ ಸಿಂಥೆಸಿಸ್ ಅಂದರೇನು ಎಂದು ಕೊನೆಗೆ ಕಲಿಸಿಕೊಟ್ಟವರು ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿರುವ ಮಹಾನುಭಾವರು. ನಮ್ಮ ಸೀನಿಯರುಗಳ ಪೇಪರುಗಳನ್ನೆಲ್ಲ ಟೈಪು ಮಾಡಿ, ಬೈಂಡು ಹಾಕಿ ಅವರಿಗೆ ಆ ವಿದ್ಯೆ ಕರತಲಾಮಲಕ. ಅಧ್ಯಯನಗಳ ನಡುವೆ 'ಇದಕ್ಕೆ ಪೂರಕವಾಗಿ' ಎಂದು ಸೇರಿಸಿ, ನಾಲ್ಕಕ್ಕೊಂದು ಸಲ 'ಇದಕ್ಕೆ ವ್ಯತಿರಿಕ್ತವಾಗಿ' ಅನ್ನಿ, ಪಾಸಾಗುತ್ತೆ ಮೇಡಂ ಅಂದರು. ಸೇರಿಸಿದೆ. ಸುಮ್ಮನೆ ಹೇಳಬಾರದು, ಗೈಡ್ ಮೇಡಂ ಈ ಸಲ ಏಳು ಪುಟ ಓದಿದರು. ಪರವಾಗಿಲ್ಲ, ಕೊನೆಯ ಭಾಗ, ಅಂದರೆ ಶಿಫಾರಸುಗಳನ್ನು ಗಟ್ಟಿಯಾಗಿ ಬರೆದು ಹತ್ತು ದಿನ ಬಿಟ್ಟು ಸೋಮವಾರ ತಂದುಬಿಡಿ ಅಂದರು. ಸೋಮವಾರ ತಪ್ಪಿದರೆ ಆರು ತಿಂಗಳು ಹಿಂದೆ ಬೀಳುತ್ತಿದ್ದೆ.

ಹತ್ತು ದಿನ ರಜೆ ಹಾಕಿ ಆವನಿಯ ಪಕ್ಕದ ನಮ್ಮ ಊರಿಗೆ ಬಂದೆ. ಮನೆಯಲ್ಲಿ ನನ್ನ ತಂಗಿ ಬಾಣಂತಿ. ಅವಳನ್ನು ಮಾಲೂರಿನ ಕಡೆ ಲಕ್ಕೂರಿಗೆ ಕೊಟ್ಟಿದೆ, ಗಂಡ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ. ಸಿಸೇರಿಯನ್ ಆಗಿ ವಾರ ಕಳೆದಿತ್ತು. ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಬಟ್ಟೆ, ಮೂರು ಹೊತ್ತೂ ಮೆಣಸು ಬೆಳ್ಳುಳ್ಳಿ ಸಾರು ಅನ್ನ, ಸಾಂಬ್ರಾಣಿ ಹೊಗೆ. ನೀರು ಅರ್ಧ ಲೋಟ. ನಾನು ಬರೆಯುತ್ತಿರುವ ವಿಷಯವೇ ನಡುಮನೆಯ ಪಕ್ಕದ ಕೋಣೆಯಲ್ಲಿ ಮಂಚದ ಮೇಲೆ ಮಲಗಿತ್ತು.

ಬಿಡುತ್ತೇನೆಯೇ? ಮೊದಲ ದಿನವೇ ಅಮ್ಮನನ್ನು ಕೂರಿಸಿಕೊಂಡು ಪಾಠ ಶುರುಮಾಡಿದೆ. ಹಾಲಿನಲ್ಲಿ ಇರುವುದು ಬಹುಪಾಲು ನೀರೇ, ಕುಡಿಯದಿದ್ದರೆ ತಾಯಿ ಒಣಗುತ್ತಾಳೆ, ಮೂತ್ರ ಉರಿ ಬರುತ್ತದೆ, ಜ್ವರ ಬರುತ್ತದೆ, ಹೊಲಿಗೆಗೂ ನೀರಿಗೂ ಸಂಬಂಧವೇ ಇಲ್ಲ ಎಂದೆಲ್ಲ ಹೇಳಿದೆ. ಅಮ್ಮ ರೇಷ್ಮೆಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ ಎಲ್ಲದಕ್ಕೂ ಹೂಂಗುಟ್ಟಿದಳು. ಮೂರನೆಯ ದಿನ ಪರೀಕ್ಷೆ ಮಾಡಿದೆ. ಬಾಣಂತಿಗೆ ದಿನಕ್ಕೆ ಎಷ್ಟು ನೀರು ಬೇಕು ಎಂದು ಕೇಳಿದೆ. ಮೂರು ಲೀಟರು ಅಂದಳು. ಕಡಿಮೆಯಾದರೆ ಏನಾಗುತ್ತದೆ ಅಂದೆ. ಉರಿ, ಜ್ವರ, ಹಾಲು ಕಮ್ಮಿ ಎಂದು ಪಟಪಟ ಹೇಳಿದಳು. ನೂರಕ್ಕೆ ನೂರು. ಕೋಣೆಗೆ ಹೋಗಿ ನೋಡಿದರೆ ತಂಗಿಯ ತಲೆಯ ಹತ್ತಿರ ಅದೇ ಅರ್ಧ ಲೋಟ.

ಮೈ ಉರಿದುಹೋಯಿತು. ಎಲ್ಲ ಗೊತ್ತಿದ್ದೂ ಯಾಕಮ್ಮ ಹೀಗೆ ಮಾಡ್ತೀಯ ಎಂದು ಕೂಗಾಡಿದೆ.

"ಅದು ನಿಮ್ಮ ಪುಸ್ತಕದಾಗಿರೋ ಬಾಣಂತಿಗೆ," ಅಂದಳು ಅಮ್ಮ, ಚಾಕು ಕೆಳಗಿಡದೆ. "ಇದು ನನ್ನ ಮಗಳು."

ನಾನು ಮತ್ತೆ ಬಾಯಿ ತೆಗೆದದ್ದಕ್ಕೆ ತೆಲುಗಿನಲ್ಲಿ ಬೈಯಲು ಶುರುಮಾಡಿದಳು. ಕೋಪ ನೆತ್ತಿಗೇರಿದರೆ ಅಮ್ಮನಿಗೆ ಕನ್ನಡ ಸಾಲುವುದಿಲ್ಲ. ತೆಲುಗಿಗೆ ಇಳಿದ ಮೇಲೆ ಅವಳ ಜೊತೆ ವಾದ ಮಾಡಿ ಗೆದ್ದವರು ನಮ್ಮ ವಂಶದಲ್ಲಿ ಇಲ್ಲ. ಹಾಳಾಗಿಹೋಗಲಿ, ನನಗೆ ಸೋಮವಾರ ಇದೆ ಎಂದು ಲ್ಯಾಪ್‌ಟಾಪಿನ ಮುಂದೆ ಹೋಗಿ ಕೂತೆ. ಆಮೇಲಿನ ನಾಲ್ಕು ದಿನ ಊಟಕ್ಕೆ ಬಿಟ್ಟರೆ ಎದ್ದಿಲ್ಲ. ಮಗು ಒಂದೇ ಸಮ ಅಳುತ್ತಿತ್ತು. ಹಾಲು ಸಾಲದೆ ಅಳುತ್ತಿದೆ ಎಂದು ಯಾವ ನರ್ಸಿಗಾದರೂ ಹೊಳೆಯಬೇಕಿತ್ತು. ನನಗೆ ಹೊಳೆದದ್ದು, ಈ ಮನೆಯಲ್ಲಿ ಬರೆಯಲು ಒಂದು ಗಳಿಗೆ ನೆಮ್ಮದಿ ಇಲ್ಲವಲ್ಲ ಎಂದು ಮಾತ್ರ.

ಶಿಫಾರಸುಗಳನ್ನು ಬರೆದು ಮುಗಿಸಿದ ಮಾರನೆಯ ಬೆಳಿಗ್ಗೆ ತಂಗಿಗೆ ಚಳಿಜ್ವರ. ಹಲ್ಲು ಕಟಕಟ ಅನ್ನುವಷ್ಟು ನಡುಗುತ್ತಿದ್ದಳು. ಉಚ್ಚೆಗೆ ಹೋದರೆ ಉರಿ ಎಂದು ಎರಡು ದಿನದಿಂದ ಹೋಗುವುದನ್ನೇ ತಡೆದಿದ್ದಳಂತೆ. ನಾಲಿಗೆ ನೋಡಿದೆ. ಒಣಗಿ ಬಿರುಕು ಬಿಟ್ಟಿತ್ತು. ಕೈಯ ಚರ್ಮ ಹಿಡಿದು ಬಿಟ್ಟರೆ ಎದ್ದದ್ದು ಎದ್ದ ಹಾಗೇ ನಿಂತಿತ್ತು. ಈ ಲಕ್ಷಣಗಳನ್ನೆಲ್ಲ ನಾನು ಹಿಂದಿನ ವಾರ ಒಂದು ಪಟ್ಟಿಯಲ್ಲಿ ಅಂದವಾಗಿ ಬರೆದಿದ್ದೆ. ಪಕ್ಕದ ಮನೆಯವರ ಆಟೋದಲ್ಲಿ ಮುಳಬಾಗಿಲಿಗೆ ಕರೆದುಕೊಂಡು ಹೋದೆವು.

ಆಸ್ಪತ್ರೆಯಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವಳಾದ ಸಿಸ್ಟರ್ ಡ್ರಿಪ್ ಏರಿಸಿ, ಮನೆಯಲ್ಲಿ ಓದಿದವರು ಯಾರೂ ಇಲ್ಲವೇ ಎಂದು ಕೇಳಿದಳು. ಅಮ್ಮ ಎದೆಯುಬ್ಬಿಸಿ ನನ್ನ ಕಡೆ ಕೈ ತೋರಿಸಿದಳು. "ಇವಳು ಇದನ್ನೇ ಓದ್ತಾ ಅವ್ಳೆ, ಕೋಲಾರದಾಗೆ." ಆ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಗೋಡೆಯ ಮೇಲಿನ ಚಾರ್ಟಿನ ಮುಂದೆ ನಿಲ್ಲಿಸಿ, ಬಾಣಂತಿಗೆ ಎಷ್ಟು ನೀರು ಕೊಡಬೇಕು ಎಂದು ನಿಧಾನವಾಗಿ ಪಾಠ ಮಾಡಿದಳು. ನಾನು ಎಲ್ಲದಕ್ಕೂ ಹೂಂಗುಟ್ಟಿದೆ.

ಅಮ್ಮ ಮಂಚದ ಪಕ್ಕ ಕೂತು ಬಾಟಲಿಯನ್ನೇ ನೋಡುತ್ತಿದ್ದಳು. ಇದರಲ್ಲಿ ಏನದೆ ಎಂದು ಕೇಳಿದಳು. ಉಪ್ಪುನೀರು ಅಂದೆ. ಒಂದು ಬಾಟಲಿ ಮುಗಿಯಿತು, ಇನ್ನೊಂದು ಮುಗಿಯಿತು, ಮೂರನೆಯದನ್ನು ಹಾಕಿದರು. ಅಮ್ಮ ನಡುನಡುವೆ ತಂಗಿಯ ಕಾಲು ಒತ್ತಿ ನೋಡಿದಳು, ಸೆರಗು ಸರಿಸಿ ಹೊಲಿಗೆ ನೋಡಿದಳು. ಊದಲಿಲ್ಲ, ಕೀವಾಗಲಿಲ್ಲ. ಸಂಜೆಗೆ ಜ್ವರ ಇಳಿಯಿತು. ಅಮ್ಮ ಹೊರಗೆ ಹೋಗಿ ಫ್ಲಾಸ್ಕಿನಲ್ಲಿ ಬಿಸಿನೀರು ತಂದು, ಲೋಟದ ಕಂಠದವರೆಗೆ ಬಗ್ಗಿಸಿ ಕುಡಿಸಿದಳು. ಆಮೇಲೆ ಇನ್ನೊಂದು ಲೋಟ. ನನ್ನ ನಲವತ್ತು ಅಧ್ಯಯನಗಳು ಮಾಡಲಾಗದ್ದನ್ನು ಮೂರು ಬಾಟಲಿ ಉಪ್ಪುನೀರು ಮಾಡಿತ್ತು.

ಮಾರನೆಯ ಮಧ್ಯಾಹ್ನ ಅಮ್ಮ ಮಗುವಿನ ಬಟ್ಟೆ ಒಗೆಯಲು ಹೋಗಿದ್ದಳು. ತಂಗಿ ದಿಂಬಿಗೆ ಒರಗಿ ಕೂತಿದ್ದಳು, ಮುಖಕ್ಕೆ ಕಳೆ ಬಂದಿತ್ತು. ನಾನು ಆಸ್ಪತ್ರೆಗೂ ತಂದಿದ್ದ ಲ್ಯಾಪ್‌ಟಾಪ್ ತೆಗೆದು, ಹೇಗಿದ್ದರೂ ಸೋಮವಾರ ಕೊಡಬೇಕಲ್ಲ ಎಂದು ಕೊನೆಯ ಪುಟ ನೋಡುತ್ತಿದ್ದೆ. ಅದರಲ್ಲಿ ಏನು ಬರೆದಿದ್ದೀಯ, ಕನ್ನಡದಲ್ಲಿ ಹೇಳು ಅಂದಳು. ನನಗೂ ಸ್ವಲ್ಪ ಜಂಬವೇ ಇತ್ತು. ಎಲ್ಲಕ್ಕಿಂತ ಗಟ್ಟಿಯಾದ ಶಿಫಾರಸನ್ನು ಬಿಡಿಸಿ ಹೇಳಿದೆ. ಬಾಣಂತಿ ಬಾಯಾರಿಕೆ ಅಂದ ತಕ್ಷಣ, ಮನೆಯವರು ಎಷ್ಟೇ ಕೆಲಸವಿದ್ದರೂ ಅದನ್ನು ಬಿಟ್ಟು, ಅವಳಿಗೆ ಬೇಕಾದಷ್ಟು ನೀರು ಕೊಡಬೇಕು.

ಇದನ್ನು ಯಾವಾಗ ಬರೆದೆ ಎಂದು ಅವಳು ಕೇಳಿದಳು. ಮೊನ್ನೆ ಮಧ್ಯಾಹ್ನ ಅಂದೆ.

"ಅಮ್ಮ ತೋಟಕ್ಕೆ ಹೋಗಿದ್ಲಲ್ಲ, ಆವಾಗ್ಲಾ?"

ಹೌದು ಅಂದೆ.

"ಆವಾಗ ನಾನು ನಿನ್ನ ಹತ್ರ ನೀರು ಕೇಳ್ದೆ, ಅಕ್ಕಾ. ನೀನು, ಒಂದ್ನಿಮಿಷ ಇರು ಕಣೇ, ಇದೊಂದು ಬರೆದು ಬರ್ತೀನಿ ಅಂದೆ. ಆಮೇಲೆ ಬಾಗ್ಲು ಹಾಕ್ಕೊಂಡೆ."

ಕೇಳಿಸಿರಲಿಲ್ಲ ಕಣೇ ಎಂದು ಹೇಳಲು ಬಾಯಿ ತೆಗೆದೆ. ಆದರೆ ಬಾಗಿಲ ಚಿಲಕ ಕೈಗೆ ತಣ್ಣಗೆ ತಾಗಿದ್ದು ನೆನಪಾಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳೇನೂ ಜಗಳಕ್ಕೆ ಅಂದದ್ದಲ್ಲ. ಮಗುವಿನ ತಲೆ ಸವರುತ್ತಾ, ಹಾಗೇ ಮಾತಿಗೆ ಮಾತು ಬಂದು ಹೇಳಿದಳು.

"ಅಮ್ಮ ಅರ್ಧ ಲೋಟ ಆದ್ರೂ ಕೊಡ್ತಿದ್ಲು."