ಏಣಿಯಕ್ಕ ಆರಿಸಿ ತಂದ ಹೊಳೆಯುವ ಪರದೆ

ಕುತ್ತಿಗೆಗೆ ಬಿಡಿಭಾಗ ಸಿಗುವುದಿಲ್ಲ. ಮಾನಿಟರ್ ಕೆಟ್ಟರೆ ಹೊಸದು ತರಬಹುದು, ಮೌಸ್ ಸತ್ತರೆ ಸಂಜೆಯೊಳಗೆ ಇನ್ನೊಂದು ಬರುತ್ತದೆ, ಕುರ್ಚಿಯ ಕಾಲು ಅಲುಗಾಡಿದರೆ ಹಗ್ಗ ಬಿಗಿದು ಕಾಲ ತಳ್ಳಬಹುದು. ಕುತ್ತಿಗೆ ಮಾತ್ರ ಹುಟ್ಟುವಾಗ ಕೊಟ್ಟದ್ದೇ ಕೊನೆ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಅದನ್ನು ನಾವು ಹಿತ್ತಿಲ ನಲ್ಲಿಯಂತೆ ನೋಡಿಕೊಳ್ಳುತ್ತೇವೆ: ಸೋರಿದರೆ ಒಂದು ಬಟ್ಟೆ ಸುತ್ತಿದರಾಯಿತು.

ಏಣಿಯಕ್ಕನಿಗೂ ಗೊತ್ತಿತ್ತು. ಮುದ್ರಣದಂಗಡಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಪುಟ ಕಟ್ಟುವ ಕೆಲಸ ಅವಳದು. ಮದುವೆ ಕಾರ್ಡು, ಬಿಲ್ ಪುಸ್ತಕ, ಔಷಧದ ಡಬ್ಬಿಯ ಚೀಟಿ, ಕಳೆದುಹೋದ ನಾಯಿಯ ಪೋಸ್ಟರು, ಯಾರು ಏನು ತಂದರೂ ಅಕ್ಷರ ಕೂರಿಸಿ, ಚಿತ್ರ ಜೋಡಿಸಿ ಮಷಿನ್ನಿಗೆ ಸಿದ್ಧ ಮಾಡುವುದು. ಆಳೆತ್ತರ ಮೀರಿದ ಹೆಂಗಸು; ಅಟ್ಟದ ಮೇಲಿಂದ ಏನನ್ನಾದರೂ ಇಳಿಸಬೇಕೆಂದರೆ ಎಲ್ಲರೂ ಅವಳನ್ನೇ ಕೂಗುತ್ತಿದ್ದುದರಿಂದ ಬಂದ ಹೆಸರು ಅದು. ಅವಳಿಗೆ ಬೇಸರವಿರಲಿಲ್ಲ. "ಹುಟ್ಟಿಸಿದವನು ಎತ್ತರ ಕೊಟ್ಟ, ಅಂಗಡಿ ಯಜಮಾನರು ತಗ್ಗು ಮೇಜು ಕೊಟ್ರು. ಸರಿಹೋಯ್ತು" ಎಂದು ತಾನೇ ನಗುತ್ತಿದ್ದಳು.

ಸರಿಹೋಗಿರಲಿಲ್ಲ. ಪರದೆ ಅವಳ ಎದೆಯ ಮಟ್ಟಕ್ಕಿತ್ತು. ಬೆಳಗ್ಗೆ ಬಗ್ಗಿದ ತಲೆ ಸಂಜೆ ಬಾಗಿಲು ಹಾಕುವಾಗಲೇ ಏಳುತ್ತಿದ್ದುದು. ಮನೆಯಲ್ಲಿ ಅತ್ತೆ ಬಿಸಿನೀರಿನ ಚೀಲ ತಂದು ಸೊಸೆಯ ಕತ್ತಿನ ಮೇಲೆ ಹಾಕುವರು. ಜೊತೆಗೆ ಒಂದು ಮಾತನ್ನೂ.

"ಅಲ್ಲ ಕಣೇ, ಇಡೀ ದಿನ ಆ ಪೆಟ್ಟಿಗೆ ಮುಂದೆ ತಲೆ ತಗ್ಗಿಸಿ ಕೂರ್ತೀಯಲ್ಲ, ನನ್ನ ಮುಂದೆ ಒಂದ್ಸಲನಾದ್ರೂ ತಗ್ಗಿಸಿದ್ದೀಯಾ?"

"ಅಲ್ಲಿ ಸಂಬಳ ಕೊಡ್ತಾರೆ ಅತ್ತೆ."

"ನಾನು ಅನ್ನ ಹಾಕಲ್ವಾ?"

"ಅದಕ್ಕೇ ಉಣ್ಣೋವಾಗ ತಗ್ಗಿಸ್ತೀನಲ್ಲ!"

ಹೀಗೆ ನಗುನಗುತ್ತಲೇ ಇದ್ದಾಗ ಬಲಗೈಯ ಹೆಬ್ಬೆರಳೂ ತೋರುಬೆರಳೂ ಮರಗಟ್ಟತೊಡಗಿದವು. ಲೋಟ ಜಾರಿತು, ಬೀಗದ ಕೈ ಜಾರಿತು. ಡಾಕ್ಟರು ಕತ್ತನ್ನು ಅತ್ತಿತ್ತ ತಿರುಗಿಸಿ ನೋಡಿ, ಮುಖ ಗಂಟಿಕ್ಕಿದರು. "ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಬೇಕಮ್ಮ. ಹಿಂದಿನ ಬೆಳಕು ಅದರ ಮೇಲೆ ಬಡೀಬಾರದು. ಬಡಿದರೆ ಅದನ್ನ ತಪ್ಪಿಸೋಕೆ ಓರೆಯಾಗಿ ಕೂರ್ತೀರಿ. ಹೀಗೇ ಬಿಟ್ರೆ ಆ ಬೆರಳುಗಳು ಹಿಡಿತ ಬಿಡ್ತವೆ. ಆಮೇಲೆ ಈ ಕೆಲಸ ಮರೆತುಬಿಡಿ."

ಮರೆತು ಏನು ಮಾಡುವುದು? ಒಂದಕ್ಷರವನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಿದರೆ ಇಡೀ ಸಾಲು ಉಸಿರು ಬಿಡುತ್ತದೆ ಎಂಬ ವಿದ್ಯೆಯನ್ನು ಅವಳು ಯಾರಿಂದಲೂ ಕಲಿತದ್ದಲ್ಲ, ತಪ್ಪು ಮಾಡಿ ಮಾಡಿ ಬೆರಳಿಗೆ ಹತ್ತಿಸಿಕೊಂಡದ್ದು. ಬೇರೆ ವಿದ್ಯೆ ಎಂದರೆ ಅಟ್ಟದಿಂದ ಸಾಮಾನು ಇಳಿಸುವುದು. ಅದಕ್ಕೂ ಬೆರಳು ಬೇಕು.

ಅದೃಷ್ಟವೆಂಬಂತೆ ಅದೇ ವಾರ ಅಂಗಡಿಯ ಹಳೆಯ ಮಾನಿಟರ್ ಕಣ್ಣು ಮುಚ್ಚಿತು. ಯಜಮಾನರು ಉದಾರವಾದರು. "ನಡೀಮ್ಮ, ನೀನೇ ಬಂದು ಆರಿಸು. ಆಮೇಲೆ ನನ್ನ ಮೇಲೆ ದೂರು ಹೇಳಬಾರದು, ಅಷ್ಟೇ."

ಹಿಂದಿನ ಸಂಜೆಯೆಲ್ಲ ಅವಳು ಫೋನಿನಲ್ಲಿ ಓದಿಕೊಂಡಳು. ಹೊಳೆಯುವ ಪರದೆ ಎಂದರೆ ಗ್ಲಾಸಿ, ಹೊಳೆಯದ್ದು ಮ್ಯಾಟ್; ಗ್ಲಾಸಿ ಕನ್ನಡಿಯ ತಂಗಿ, ಮ್ಯಾಟ್ ಬೆಳಕನ್ನು ನುಂಗಿಕೊಂಡು ಸುಮ್ಮನಿರುವ ಸೊಸೆ, ಎಂದು ಅತ್ತೆಗೇ ಪಾಠ ಹೇಳಿದಳು. "ಅಂಥ ಸೊಸೆ ಅಂಗಡೀಲಿ ಸಿಗ್ತಾಳಾ? ಎರಡು ತಗೊಂಡು ಬಾ" ಎಂದರು ಅತ್ತೆ.

ಕಂಪ್ಯೂಟರ್ ಅಂಗಡಿಯಲ್ಲಿ ಎರಡೂ ಪಕ್ಕಪಕ್ಕದಲ್ಲೇ ಇದ್ದವು. ಮ್ಯಾಟ್ ಪರದೆಯ ಸ್ಟ್ಯಾಂಡ್ ಏರುತ್ತಿತ್ತು, ಇಳಿಯುತ್ತಿತ್ತು, ಹೇಳಿದ ಕಡೆಗೆ ತಿರುಗುತ್ತಿತ್ತು. ಗ್ಲಾಸಿಗೆ ಅಲುಗಾಡದ ಒಂದೇ ಕಾಲು. ಡಾಕ್ಟರ ಮಾತು ಕಿವಿಯಲ್ಲಿ ಬಿಸಿಬಿಸಿಯಾಗಿತ್ತು. ಯೋಚಿಸಲು ಏನೂ ಉಳಿದಿರಲಿಲ್ಲ.

ಅಷ್ಟರಲ್ಲಿ ಮಾರುವವನು ಗ್ಲಾಸಿ ಪರದೆಯಲ್ಲಿ ಕೆಂಪು ಹೂವೊಂದನ್ನು ಅರಳಿಸಿದ. ಎಸಳಿನ ಮೇಲೆ ನೀರಹನಿ; ಒರೆಸಲು ಕೈ ಮುಂದಾಗಬೇಕು, ಹಾಗೆ. ಅದೇ ಹೂವು ಮ್ಯಾಟ್ ಪರದೆಯಲ್ಲಿ ಮೂರು ದಿನ ಜ್ವರ ಬಿದ್ದು ಎದ್ದಂತಿತ್ತು. ಹೂವು ಮರೆಯಾಗಿ ಪರದೆ ಕಪ್ಪಾದಾಗ ಅದರೊಳಗಿಂದ ಒಬ್ಬ ಹೆಂಗಸು ಇವಳನ್ನು ನೋಡಿದಳು. ಕಣ್ಣಿನ ಕೆಳಗೆ ಕಪ್ಪಿಲ್ಲ, ಕಿವಿಯ ಬಳಿ ಬಿಳಿಯಿಲ್ಲ. ಯಾರಪ್ಪಾ ಈ ಚೆಲುವೆ ಎಂದುಕೊಂಡಳು. ತಾನೇ ಎಂದು ತಿಳಿದಾಗ ಕೆಲಸ ಕೆಟ್ಟಿತ್ತು.

"ಯಾವುದಮ್ಮ?" ಎಂದರು ಯಜಮಾನರು.

ಮರಗಟ್ಟಿದ ಆ ತೋರುಬೆರಳಿನಿಂದಲೇ ಅವಳು ಗ್ಲಾಸಿಯನ್ನು ತೋರಿಸಿದಳು. "ಇದೇ ಇರಲಿ ಸಾರ್. ಬಣ್ಣ ಎದ್ದು ಕಾಣುತ್ತೆ. ಗಿರಾಕಿಗಳಿಗೆ ಹಿಡಿಸುತ್ತೆ."

"ಎತ್ತರ ಸಾಕಾ ನಿಂಗೆ?"

"ಕೆಳಗೆ ಏನಾದ್ರೂ ಇಟ್ಕೋತೀನಿ ಬಿಡಿ."

ಕುರಿ ಕಟುಕನ ಅಂಗಡಿಗೆ ಹೋಗಿ, ಹೊಳಪು ಚೆನ್ನಾಗಿದೆ ಎಂದು ಕತ್ತಿ ಆರಿಸಿತಂತೆ. ಈ ಗಾದೆ ಯಾವ ಪುಸ್ತಕದಲ್ಲೂ ಇಲ್ಲ. ಏಣಿಯಕ್ಕ ತನ್ನ ಬಗ್ಗೆ ತಾನೇ ಕಟ್ಟಿದ್ದು.

ಅವಳ ಬೆನ್ನ ಹಿಂದೆ ಅಂಗಡಿಯ ಬಾಗಿಲು, ಬಾಗಿಲಿನಾಚೆ ಬೀದಿ. ಹೊಸ ಪರದೆಯೊಳಗೆ ಇಡೀ ಬೀದಿ ಬಂದು ಕುಳಿತುಕೊಂಡಿತು. ಮದುಮಗಳ ಹೆಸರಿನ ಮೇಲೆ ಸೈಕಲ್ಲೊಂದು ಹಾದುಹೋಗುವುದು, ಬಿಲ್ ಪುಸ್ತಕದ ನಡುವೆ ಬಸ್ಸು ನಿಲ್ಲುವುದು. ಹಿಂದೆ ನಿಂತು "ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ" ಎನ್ನುವ ಗಿರಾಕಿಗಳು ಈಗ ಮೀಸೆ ತಿದ್ದಿಕೊಳ್ಳುತ್ತ ಹಾಗೆನ್ನತೊಡಗಿದರು. ಸುತ್ತಿಗೆ ಮೊಳೆ ಮಾರುವ ಒಬ್ಬರು ತಮ್ಮ ವಿಸಿಟಿಂಗ್ ಕಾರ್ಡಿನ ಕಪ್ಪು ಹಿನ್ನೆಲೆಯನ್ನು ನೋಡಿ, "ಮೇಲಿನ ಆ ಬಿಳಿ ಗೆರೆ ಭಾರಿ ಚೆನ್ನಾಗಿದೆ ಕಣಮ್ಮ" ಎಂದರು. ಅವಳು ಹುಡುಕಿಯೇ ಹುಡುಕಿದಳು. ಕಾರ್ಡಿನಲ್ಲಿ ಗೆರೆಯೇ ಇರಲಿಲ್ಲ. ಅದು ಚಾವಣಿಯ ಟ್ಯೂಬ್‌ಲೈಟು. ಹಾಗೆಂದು ಹೇಳಿದರೆ ಅವರು ಒಪ್ಪಲಿಲ್ಲ. "ಏನಾದ್ರೂ ಆಗ್ಲಿ, ನನಗೆ ಅದೇ ಬೇಕು." ಕೊನೆಗೆ ಟ್ಯೂಬ್‌ಲೈಟನ್ನು ನೋಡಿ ನೋಡಿ ಬರೆದು ಕೊಟ್ಟಳು.

ಬೆಳಕು ತಪ್ಪಿಸಲು ಎಡಕ್ಕೆ ವಾಲಿದಳು. ವಾಲಿ ಸಾಕಾದಾಗ ಬೆನ್ನ ಹಿಂದೆ ಕಪ್ಪು ಕೊಡೆ ಬಿಚ್ಚಿ ಕುರ್ಚಿಗೆ ಕಟ್ಟಿಕೊಂಡಳು. ಒಳಬಂದವರೆಲ್ಲ ಮೊದಲು ಚಾವಣಿ ನೋಡುವರು. "ಸೋರ್ತಿದೆಯಾ ಅಕ್ಕ?" "ಹೂಂ, ನನ್ನ ಬುದ್ಧಿ" ಎನ್ನುವಳು.

ಇನ್ನು ಎತ್ತರ. ಪರದೆಯ ಕೆಳಗೆ ಮರದ ಪೆಟ್ಟಿಗೆ ಇಟ್ಟಳು. ಯಜಮಾನರು ಮೂಗು ಮುರಿದರು: "ಗಿರಾಕಿಗಳ ಎದುರಿಗೆ ಡಬ್ಬ ಗಿಬ್ಬ ಇಟ್ರೆ ಅಂಗಡಿ ಮರ್ಯಾದೆ ಏನಾಗ್ಬೇಕು? ಕಾಗದದ ರೀಮು ಇಟ್ಕೋ. ಸ್ಟಾಕ್ ಇದೆ ಅಂತನಾದ್ರೂ ಗೊತ್ತಾಗ್ಲಿ." ಮುದ್ರಣ ಯಂತ್ರ ನಡೆಸುವ ಮಷಿನ್ ಅಣ್ಣ ರೀಮಿನ ಕಟ್ಟುಗಳನ್ನು ಹೊತ್ತು ತಂದು ಒಂದರ ಮೇಲೊಂದು ಒಟ್ಟಿದ. ಪರದೆ ಕಣ್ಣಿನ ಮಟ್ಟಕ್ಕೆ ಬಂತು. ಏಣಿಯಕ್ಕ ತಲೆ ಎತ್ತಿ ಕುಳಿತಳು. ಆ ಸುಖ ಮಧ್ಯಾಹ್ನದವರೆಗೆ ಇತ್ತು.

"ಅಕ್ಕಾ, ಪರದೆ ಸ್ವಲ್ಪ ಎತ್ತು. ಕೆಳಗಿನ ರೀಮು ಬೇಕು."

"ಅಣ್ಣಾ, ಈಗ ತಾನೇ ಕೊಟ್ಟೆಯಲ್ಲೋ!"

"ಆರ್ಡರ್ ಬಂತಲ್ಲಕ್ಕ. ನೀನೇ ತಾನೇ ಪುಟ ಕಟ್ಟಿ ಕಳ್ಸಿದ್ದು?"

ಅಂದಿನಿಂದ ಅದೇ ಪದ್ಧತಿಯಾಯಿತು. ವ್ಯಾಪಾರ ಏರಿದಂತೆ ಪರದೆ ಇಳಿಯುತ್ತಿತ್ತು. ಕೆಲಸವಿಲ್ಲದ ದಿನ ಗೋಪುರದ ಮೇಲೆ, ಕೆಲಸ ಹೆಚ್ಚಿದ ದಿನ ಪಾತಾಳದಲ್ಲಿ. ತಾನು ಬೇಗ ಬೇಗ ಕೆಲಸ ಮಾಡಿದಷ್ಟೂ ತನ್ನ ಕಾಲ ಕೆಳಗಿನದಲ್ಲ, ಕಣ್ಣ ಕೆಳಗಿನ ನೆಲವನ್ನು ತಾನೇ ಅಗೆಯುತ್ತಿದ್ದಳು. "ಅಂಗಡಿಗೆ ವ್ಯಾಪಾರ ಆಗದಿರಲಪ್ಪಾ ಅಂತ ಬೇಡಿಕೊಳ್ಳೋ ನೌಕರಳು ಲೋಕದಲ್ಲಿ ನಾನೊಬ್ಬಳೇ ಅತ್ತೆ" ಎಂದಳು ಒಂದು ದಿನ. ಅತ್ತೆ ನಗಲಿಲ್ಲ. ಸೊಸೆ ಊಟದ ತಟ್ಟೆಯನ್ನು ಎಡಗೈಯಲ್ಲಿ ಎತ್ತಿಕೊಳ್ಳುತ್ತಿದ್ದುದನ್ನು ನೋಡುತ್ತಿದ್ದರು.

ಮದುವೆಗಳ ಕಾಲ ಬಂತು. ಪರದೆಯ ಕೆಳಗೆ ಒಂದೇ ರೀಮು ಉಳಿದಿತ್ತು. ಮಗಳ ಮದುವೆಯ ಕಾರ್ಡು ಮಾಡಿಸಲು ಬಂದ ತಂದೆಯೊಬ್ಬರು ಹಿಂದೆ ನಿಂತಿದ್ದರು. ಮದುಮಗಳ ಹೆಸರನ್ನು ಒಂದೆಳೆ ಬಲಕ್ಕೆ ಸರಿಸಬೇಕಿತ್ತು. ಸರಿಸಹೊರಟಳು, ಬೆರಳು ಹಿಡಿತ ತಪ್ಪಿ ಮೌಸ್ ಜಾರಿತು. ಹೆಸರು ವರನ ಪಕ್ಕದಿಂದ ಕಿತ್ತುಕೊಂಡು, ಹೂಬಳ್ಳಿ ಹಾರಿ, ಪುಟದಿಂದಲೇ ಆಚೆ ಹೋಯಿತು.

"ಅಯ್ಯಯ್ಯೋ, ಹುಡುಗಿ ಓಡಿಹೋದಳು!" ಎಂದ ಮಷಿನ್ ಅಣ್ಣ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಆ ತಂದೆಯೂ. ಏಣಿಯಕ್ಕನೇ ಎಲ್ಲರಿಗಿಂತ ಜೋರಾಗಿ ನಕ್ಕಳು. ನಗುತ್ತಲೇ ಮೌಸ್ ಹಿಡಿಯಲು ಹೋದಳು. ಬೆರಳುಗಳು ಮಡಚಲಿಲ್ಲ. ಇನ್ನೊಮ್ಮೆ ಯತ್ನಿಸಿದಳು. ನಗು ಬಾಯಲ್ಲಿಯೇ ನಿಂತಿತು.

ಆ ಹೊತ್ತಿಗೆ ಸರಿಯಾಗಿ ಅಣ್ಣ ಕೈಚಾಚಿದ. "ಅಕ್ಕಾ, ಆ ಕೊನೇ ರೀಮು..."

ಅವಳು ಎರಡೂ ಮೊಣಕೈಗಳನ್ನು ರೀಮಿನ ಮೇಲೆ ಊರಿದಳು. "ಕೊಡಲ್ಲ."

ಯಜಮಾನರು ಎದ್ದು ಬಂದರು. "ಏನಮ್ಮ ಇದು? ಮಷಿನ್ ನಿಂತಿದೆ."

"ನನ್ನ ಬೆರಳೂ ನಿಂತಿವೆ ಸಾರ್. ಯಾವುದನ್ನ ಮೊದಲು ನೋಡ್ತೀರಿ?"

"ಅಂಗಡಿಗೆ ಕರ್ಕೊಂಡು ಹೋಗ್ಲಿಲ್ವಾ? ಎರಡೂ ತೋರಿಸ್ಲಿಲ್ವಾ? ನೀನೇ ತಾನೇ ಆರಿಸಿದ್ದು?"

"ಹೌದು. ಹೊಳಪು ನೋಡಿ ಬಿದ್ದೆ. ಆ ದಡ್ಡತನ ನಂದೇ. ಬೈಯೋದಾದ್ರೆ ಬೈಯಿರಿ, ನಾನೂ ನಿಮ್ಮ ಜೊತೆ ಸೇರಿ ಬೈತೀನಿ. ಆದ್ರೆ ಬಗ್ಗಿ ಮಾಡ್ತಿರೋ ಕೆಲಸ ನಿಮ್ಮದು. ಏರೋ ಇಳಿಯೋ ಸ್ಟ್ಯಾಂಡು, ಹೊಳೆಯದ ಪರದೆ ತರಿಸಿ. ಆಮೇಲೆ ರೀಮು ತಗೊಂಡು ಹೋಗಿ."

ಯಜಮಾನರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಲಭವಿತ್ತು. ಅವರು ನ್ಯಾಯವಂತರು, ಆರಿಸುವ ಹಕ್ಕು ಕೊಟ್ಟು ನೋವಿನ ಹೊಣೆಯನ್ನೂ ಅದರ ಜೊತೆಗೇ ಪೊಟ್ಟಣ ಕಟ್ಟಿ ಕೊಟ್ಟುಬಿಡುವ ನ್ಯಾಯವಂತರು. 'ನೀನೇ ಒಪ್ಪಿದ್ದು' ಎಂಬ ಒಂದು ಮಾತಿನ ಮೇಲೆ ಎಷ್ಟು ಅಂಗಡಿಗಳು, ಎಷ್ಟು ಕಚೇರಿಗಳು ತಣ್ಣಗೆ ನಿದ್ದೆ ಮಾಡುತ್ತಿವೆ! ಒಂದು ಹೂವಿಗೆ ಮರುಳಾದ ತಪ್ಪಿಗೆ ಒಬ್ಬಳ ಕೈಯನ್ನೇ ದಂಡವಾಗಿ ಕೇಳುವುದು ಯಾವ ಸೀಮೆಯ ನ್ಯಾಯ?

ನಡುವೆ ಬಾಯಿ ಹಾಕಿದವರು ಮದುಮಗಳ ತಂದೆ. "ಅಲ್ಲ, ನನ್ನ ಮಗಳ ಕಾರ್ಡು ಯಾವಾಗ ಸಿಗುತ್ತೆ?"

"ಈಯಮ್ಮ ತಲೆ ಎತ್ತಿದಾಗ" ಎಂದ ಮಷಿನ್ ಅಣ್ಣ, ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು.

ಯಜಮಾನರ ಮನಸ್ಸು ಕರಗಿತು ಎಂದು ಬರೆದರೆ ಸುಳ್ಳಾಗುತ್ತದೆ. ಗಿರಾಕಿ ಎದುರಿಗಿದ್ದ, ಮಷಿನ್ ನಿಂತಿತ್ತು; ಅಷ್ಟೇ. ಮರುದಿನ ಮ್ಯಾಟ್ ಪರದೆ ಬಂತು, ಏರುವ ಸ್ಟ್ಯಾಂಡಿನ ಸಮೇತ. ಹೊಳೆಯುವುದನ್ನು ಯಜಮಾನರೇ ತಮ್ಮ ಕೌಂಟರಿಗೆ ಹಾಕಿಸಿಕೊಂಡರು. ಈಗ ದಿನವಿಡೀ ತಮ್ಮ ಎರಡು ಗದ್ದಗಳನ್ನು ತಾವೇ ನೋಡಿಕೊಳ್ಳುತ್ತಾರೆ. ಕತ್ತು ಹಿಡಿಯುತ್ತದೆ ಎಂದು ಮೊನ್ನೆ ಅವರೂ ಹೇಳಿದರಂತೆ.

ಮೊದಲ ದಿನ ಏಣಿಯಕ್ಕನಿಗೆ ಹೊಸ ಪರದೆ ಬೂದಿ ಬಳಿದಂತೆ ಕಂಡಿತು. ಮುಖ ನೋಡಿಕೊಳ್ಳಲು ಹೋದಳು, ಮುಖವಿರಲಿಲ್ಲ. "ಒಳ್ಳೇದೇ ಆಯ್ತು, ಇನ್ನು ಕೆಲಸ ಕಾಣಬಹುದು" ಎಂದುಕೊಂಡಳು. ಅಚ್ಚಾಗಿ ಬಂದ ಕಾರ್ಡಿನ ಕೆಂಪೂ ಪರದೆಯ ಕೆಂಪೂ ಒಂದೇ ಆಗಿದ್ದುದನ್ನು ಕಂಡು ಸ್ವಲ್ಪ ನಾಚಿಕೊಂಡಳು ಕೂಡ. ಹೆಬ್ಬೆರಳು ಮೆಲ್ಲಮೆಲ್ಲಗೆ ಮರಳಿ ಬಂದಿದೆ. ತೋರುಬೆರಳು ಇನ್ನೂ ಬಂದಿಲ್ಲ. ಡಾಕ್ಟರು ಬರಬಹುದು ಎನ್ನುತ್ತಾರೆ, ಬರುತ್ತದೆ ಎನ್ನುವುದಿಲ್ಲ. ಅದನ್ನು ಅವಳು "ಸಂಬಳ ತಗೊಂಡು ಕೆಲಸ ಮಾಡದ ಬೆರಳು" ಎಂದು ಕರೆಯುತ್ತಾಳೆ. ಅತ್ತೆ ಈಗ ಆ ಬೆರಳನ್ನು ದಿನವೂ ಎಣ್ಣೆ ಹಚ್ಚಿ ನೀವುತ್ತಾರೆ, ಬೈಯುತ್ತಲೇ.

ನಿಮ್ಮ ಕೈಕೆಳಗೆ ಪರದೆ ನೋಡುತ್ತ ದುಡಿಯುವ ಒಬ್ಬರಾದರೂ ಇದ್ದಾರೆ. ಅಂಗಡಿಯಲ್ಲೋ, ಕಚೇರಿಯಲ್ಲೋ, ನಿಮ್ಮ ಮನೆಯ ಮೂಲೆಯ ಮೇಜಿನಲ್ಲೋ. "ಏನೂ ತೊಂದರೆ ಇಲ್ಲ" ಎಂದೇ ಅವರು ಹೇಳುತ್ತಾರೆ, ಆದ್ದರಿಂದ ಅವರನ್ನು ಕೇಳಬೇಡಿ. ಈಗಲೇ ಏಳಿ. ಅವರನ್ನು ಎಬ್ಬಿಸಿ, ಅವರ ಕುರ್ಚಿಯಲ್ಲಿ ನೀವು ಕೂತುಕೊಳ್ಳಿ, ಮಧ್ಯಾಹ್ನದವರೆಗೆ ಅವರ ಕೆಲಸ ಮಾಡಿ. ಆಮೇಲೆ ನಿಮ್ಮ ದುಡ್ಡಿನಲ್ಲೇ ಆ ಪರದೆಯನ್ನು ಎತ್ತರಿಸಿ.