ಸಿದ್ದಮ್ಮ ಉಣಿಸಿದ ಮಗು

ಹೊಂಗನೂರಿನಲ್ಲಿ ಯಾರ ಮನೆಯ ರೇಷ್ಮೆಹುಳು ಮೇವು ಬಿಟ್ಟರೂ ಮೊದಲು ಕರೆ ಬರುತ್ತಿದ್ದುದು ಸಿದ್ದಮ್ಮನಿಗೆ. ಅವಳು ಬಂದು, ತಟ್ಟೆಯ ಮೇಲೆ ಬಾಗಿ, ಒಂದು ಗಳಿಗೆ ಸುಮ್ಮನೆ ನೋಡಿ, "ಜ್ವರಕ್ಕೆ ಕೂತವೆ. ಒಂದೆಲೆನೂ ಹಾಕ್ಬ್ಯಾಡಿ" ಎಂದರೆ ಮುಗಿಯಿತು, ಆ ಮಾತಿಗೆ ಎದುರಾಡುವವರಿರಲಿಲ್ಲ. ಹುಳು ಪೊರೆ ಕಳಚುವ ಮೊದಲು ತಲೆಯೆತ್ತಿಕೊಂಡು ಒಂದು ದಿನ ಉಪವಾಸ ಕೂರುತ್ತದಲ್ಲ, ಅದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ಮೂವತ್ತು ವರ್ಷ ಹುಳು ಸಾಕಿದ ಹೆಂಗಸಿಗೆ ಊರಿನಲ್ಲಿ ಸಾಕಷ್ಟು ಮರ್ಯಾದೆ ಇತ್ತು. ಸಾಲದು ಅನ್ನಿಸುತ್ತಿದ್ದುದು ಅವಳಿಗೆ ಮಾತ್ರ.

ಹೊಟ್ಟೆಕಿಚ್ಚು ಅವಳಿಗೆ ಹುಟ್ಟಿನಿಂದ ಬಂದದ್ದು. ಚಿಕ್ಕಂದಿನಲ್ಲಿ ಅಕ್ಕನ ಜಡೆ ತನ್ನದಕ್ಕಿಂತ ನಾಲ್ಕು ಬೆರಳು ಉದ್ದವಿದೆ ಎಂದು ಎರಡು ದಿನ ಉಣ್ಣದೆ ಕೂತವಳು. ಗಂಡ ಮರಿಯಪ್ಪ ಜಗಲಿಯ ಮೇಲೆ ಕೂತು ಹೇಳುತ್ತಿದ್ದ: "ಪಕ್ಕದ ಮನೆ ಎಮ್ಮೆ ಕರ ಹಾಕುದ್ರೆ ನೋವು ನಮ್ಮನೇವ್ಳಿಗೆ ಬತ್ತದೆ ಕಣ್ಲಾ." ಎಲ್ಲರೂ ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಎರಡು ಸಾವಿರದ ಐದರ ಹೊತ್ತಿಗೆ ಬಿಡದಿಯ ಕಡೆ ಕಾರ್ಖಾನೆಗಳು ಸಾಲುಗಟ್ಟಿದ್ದವು. ಮಗ ಅಶ್ವಥ್‌ಗೆ ಅಲ್ಲೊಂದರಲ್ಲಿ ಪಾಳಿಯ ಕೆಲಸ ಸಿಕ್ಕಿತು. ಸೊಸೆ ರಾಧಾಮಣಿ ಬೆಳಗ್ಗೆ ಏಳಕ್ಕೆ ಗಾರ್ಮೆಂಟ್ಸ್ ವ್ಯಾನು ಹತ್ತಿದರೆ ಇಳಿಯುವಾಗ ದೀಪ ಹಚ್ಚುವ ಹೊತ್ತು. ಮೂರು ವರ್ಷದ ಮೊಮ್ಮಗಳು ಸಿಂಚನ ಇಡೀ ದಿನಕ್ಕೆ ಸಿದ್ದಮ್ಮನ ಪಾಲಿಗೆ ಬಂದಳು. ಹೀಗೆ ಪೂರ್ತಿಯಾಗಿ ತನ್ನದು ಎನ್ನುವ ಒಂದು ಜೀವ ಅವಳಿಗೆ ಅದುವರೆಗೆ ಸಿಕ್ಕಿರಲಿಲ್ಲ. ಮಗನನ್ನು ಹೆತ್ತಾಗ ಅತ್ತೆ ಬದುಕಿದ್ದಳು, ಮಗುವನ್ನು ಅವಳೇ ಎತ್ತಿಕೊಂಡುಬಿಟ್ಟಿದ್ದಳು.

ಅಡ್ಡ ಬಂದವಳು ಕೆಂಚಮ್ಮ, ರಾಧಾಮಣಿಯ ತಾಯಿ. ರಾಮನಗರದ ಆಚೆ ಕೂಟಗಲ್ಲಿನವಳು, ಕಡ್ಡಿಯಂಥ ಹೆಂಗಸು, ಹೊಲದ ಕೆಲಸದವಳು. ತಿಂಗಳಿಗೊಂದು ಭಾನುವಾರ ಬಸ್ಸಿಳಿದು ಬರುತ್ತಿದ್ದಳು. ಅಂಥ ಒಂದು ಭಾನುವಾರ ಸಿಂಚನ ಸಿದ್ದಮ್ಮನ ತೊಡೆಯಿಂದ ಇಳಿದು, ಅಂಗಳ ದಾಟಿ ಓಡಿ, ಕೆಂಚಮ್ಮನ ಕೊರಳಿಗೆ ಜೋತುಬಿದ್ದಳು. ಕೆಂಚಮ್ಮನ ಚೀಲದಲ್ಲಿ ಕೊಬ್ಬರಿ ಮಿಠಾಯಿಯ ಡಬ್ಬಿ ಇತ್ತು. ಸಿದ್ದಮ್ಮ ಡಬ್ಬಿಯನ್ನು ನೋಡಿದಳು, ಮಗುವಿನ ಕೈಗಳನ್ನು ನೋಡಿದಳು, ಇದು ಮಿಠಾಯಿಯ ಕೆಲಸ ಎಂದು ತೀರ್ಮಾನಿಸಿದಳು. ಅವಳ ಬದುಕಿನ ದೊಡ್ಡ ತಪ್ಪು ಆ ತೀರ್ಮಾನ.

ಮಾರನೆಯ ದಿನದಿಂದ ಅಂಗಡಿಯ ಬಾಗಿಲಲ್ಲಿ ಸರವಾಗಿ ತೂಗುವ ಚಿಪ್ಸ್ ಪೊಟ್ಟಣ, ಕ್ರೀಮ್ ಬಿಸ್ಕತ್ತು, ಬಣ್ಣದ ಜ್ಯೂಸು ಒಂದೊಂದಾಗಿ ಮನೆಗೆ ಬಂದವು. ಮಗು ಅತ್ತರೆ ಒಂದು ಪೊಟ್ಟಣ, ಅಳದಿದ್ದರೆ ಜಾಣೆಯೆಂದು ಒಂದು. ಅನ್ನ ಉಣ್ಣಿಸುವುದು ಟಿ.ವಿ. ಮುಂದೆ. ಮಗು ಬೊಂಬೆಗಳ ಆಟ ನೋಡುತ್ತ ಬಾಯಿ ತೆರೆಯುತ್ತಿತ್ತು, ಇವಳು ತುತ್ತು ತುರುಕುತ್ತಿದ್ದಳು. ಮುಖ ತಿರುಗಿಸಿದರೆ, "ಇದೊಂದು ತುತ್ತು ಕಣವ್ವಾ. ಕೂಟಗಲ್ಲಜ್ಜಿ ಕೈಲಿ ಉಂಡು ನನ್ ಕೈಲಿ ಉಣ್ಣಕಿಲ್ವಾ?" ಹೊಟ್ಟೆ ತುಂಬಿದ್ದರೂ ಆ ಮಾತಿಗೆ ಮಗು ಬಾಯಿ ತೆರೆಯಲೇಬೇಕಿತ್ತು. ಹೆತ್ತವರೂ ಕಡಿಮೆಯವರಲ್ಲ. ಮಗಳ ಜೊತೆ ಹೊತ್ತು ಕಳೆಯಲಾಗದ ಅಳುಕಿಗೆ ಅಶ್ವಥ್ ಪಾಳಿ ಮುಗಿಸಿ ಬರುವಾಗ ತಂಪು ಪಾನೀಯದ ಬಾಟಲಿ ಹಿಡಿದು ಬರುತ್ತಿದ್ದ. ರಾಧಾಮಣಿ ದಣಿದು ಬಂದು, ಮಗುವನ್ನು ಟಿ.ವಿ. ಮುಂದೆಯೇ ಬಿಟ್ಟು ಒಲೆ ಹಚ್ಚುತ್ತಿದ್ದಳು.

ಸಿಂಚನಳ ಐದನೆಯ ವರ್ಷದಲ್ಲಿ ಒಂದು ದಿನ ಅಂಗನವಾಡಿಯಲ್ಲಿ ತೂಕ ನೋಡಿದರು. ತೊಲೆಗೆ ನೇತುಹಾಕಿದ ತಕ್ಕಡಿ ಅದು, ಮಗುವನ್ನು ಚಡ್ಡಿಯಂಥ ಜೋಳಿಗೆಯಲ್ಲಿ ಕೂರಿಸಿ ತೂಗಬೇಕು. ಇಪ್ಪತ್ತೈದು ಕಿಲೋವರೆಗೆ ಗೆರೆಗಳಿದ್ದವು. ಮುಳ್ಳು ಕೊನೆಯ ಗೆರೆಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿತು. ಕಾರ್ಯಕರ್ತೆ ಮಾಯಮ್ಮನ ಕೈಯಲ್ಲಿದ್ದ ಪಟ್ಟಿ ಸೊರಗಿದ ಮಕ್ಕಳನ್ನು ಗುರುತಿಸಲು ಮಾಡಿದ್ದು. ಕೆಳಗಿನ ಗೆರೆಗಳಿಗೆ ಒಂದೊಂದು ಹೆಸರಿತ್ತು, ಮೇಲೆ ಹೋದವರಿಗೆ ಏನೆನ್ನಬೇಕೆಂದು ಅದರಲ್ಲಿ ಬರೆದಿರಲಿಲ್ಲ.

"ಸಿದ್ದಮ್ಮಾರೇ, ಇವ್ಳ ಚುಕ್ಕಿ ಹಾಳೆ ಮ್ಯಾಲಕ್ಕೇ ಹೊಂಟೋಯ್ತದೆ. ಒಂದ್ಸಲ ಚನ್ನಪಟ್ಟಣದಲ್ಲಿ ಡಾಕ್ಟ್ರಿಗೆ ತೋರ್ಸಿ" ಎಂದಳು ಮಾಯಮ್ಮ.

ಸಿದ್ದಮ್ಮನ ಕಿವಿಗೆ ಬಿದ್ದದ್ದು ಮೊದಲ ವಾಕ್ಯ ಮಾತ್ರ. ಹಾಳೆಯ ಮೇಲಕ್ಕೆ ಎಂದರೆ ಎಲ್ಲರಿಗಿಂತ ಮೇಲಕ್ಕೆ. ಅಂದು ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿಸಿದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮಾತಿನ ಕೊನೆಗೆ ತಪ್ಪದೆ ಸೇರಿಸುತ್ತಿದ್ದಳು: "ಕೂಟಗಲ್ನಲ್ಲಿ ಇದ್ದಿದ್ರೆ ಕಡ್ಡಿ ಹಂಗಿರೋಳು."

ಆದರೆ ಸಿಂಚನ ಅಂಗನವಾಡಿಯ ಮೂರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. ಕುಂಟೆಬಿಲ್ಲೆಗೆ ಸೇರಿಸಿಕೊಂಡರೆ ಸೋಲು ಎಂದು ಜೊತೆಯ ಹುಡುಗಿಯರು ಅವಳನ್ನು ಬಿಟ್ಟು ಆಡುತ್ತಿದ್ದರು. ಇದನ್ನು ಕಂಡದ್ದು ರಾಧಾಮಣಿ, ವ್ಯಾನು ಬಾರದ ಒಂದು ದಿನ. ಮರುದಿನವೇ ರಜೆ ಹಾಕಿ ಗಂಡನನ್ನೂ ಅತ್ತೆಯನ್ನೂ ಕರೆದುಕೊಂಡು ಚನ್ನಪಟ್ಟಣಕ್ಕೆ ಹೋದಳು.

ಅಲ್ಲಿನ ಮಕ್ಕಳ ಡಾಕ್ಟರು ವಯಸ್ಸಾದ ಹೆಂಗಸು. ತೂಕ ನೋಡಿದರು, ಎತ್ತರ ಅಳೆದರು. "ಇಪ್ಪತ್ತಾರೂವರೆ. ಈ ಎತ್ತರಕ್ಕೆ ಹದಿನೆಂಟು, ಹತ್ತೊಂಬತ್ತು ಇರಬೇಕಿತ್ತು. ಇದು ಆರೋಗ್ಯ ಅಲ್ಲ. ಈಗಲೇ ತಡೆಯದಿದ್ದರೆ ಮುಂದೆ ಸಕ್ಕರೆ ಕಾಯಿಲೆ, ಬಿ.ಪಿ. ಬೇಗ ಹಿಡಿಯಬಹುದು" ಎಂದರು. ಔಷಧಿ ಬರೆಯಲಿಲ್ಲ. ಮಗುವನ್ನು ಉಪವಾಸ ಕೆಡವಬೇಡಿ ಎಂದರು. ಪೊಟ್ಟಣ, ಬಾಟಲಿ ಮನೆಗೇ ತರಬೇಡಿ, ಟಿ.ವಿ. ಆರಿಸಿ ಎಲ್ಲರೂ ಒಟ್ಟಿಗೆ ಕೂತು ಅದೇ ಮುದ್ದೆ, ಸೊಪ್ಪಿನ ಸಾರು ಉಣ್ಣಿ. ಸಾಕು ಎಂದಾಗ ತಟ್ಟೆ ತೆಗೆಯಿರಿ. ದಿನಾ ಒಂದು ಗಂಟೆಯಾದರೂ ಓಡಾಡಿಸಿ, ಹೊತ್ತಿಗೆ ಸರಿಯಾಗಿ ಮಲಗಿಸಿ. ಆಮೇಲೆ ಅಶ್ವಥ್ ಕಡೆ ತಿರುಗಿ, "ನೀವು ಬಾಟಲಿ ಕುಡೀತಾ ಮಗಳಿಗೆ ನೀರು ಕುಡಿ ಅಂದರೆ ಕುಡಿಯಲ್ಲ" ಎಂದರು. ಅಶ್ವಥ್ ತಲೆ ತಗ್ಗಿಸಿದ.

ಮನೆಗೆ ಬಂದು ರಾಧಾಮಣಿ ಹೇಳಿದಳು: "ಅತ್ತೆ, ಮೂರು ತಿಂಗಳು ನೋಡ್ತೀನಿ. ನಾನೂ ಅವ್ರೂ ನಮ್ ತಪ್ಪು ತಿದ್ಕತೀವಿ. ಹಗ್ಲೆಲ್ಲ ಇರೋರು ನೀವು. ನೀವು ತುರುಕೋದು ಬುಡ್ನಿಲ್ಲ ಅಂದ್ರೆ ಮೊಗೀನ ಕೂಟಗಲ್ಗೆ ಬುಟ್ಬುಡ್ತೀನಿ. ಅಲ್ಲೇ ಇಸ್ಕೂಲ್ಗೆ ಸೇರ್ತಾಳೆ."

ಸಿದ್ದಮ್ಮನಿಗೆ ಡಾಕ್ಟರು, ತೂಕ, ಎತ್ತರ ಎಲ್ಲ ಒಂದೇ ಏಟಿಗೆ ಅರ್ಥವಾಯಿತು. ಇದು ಕೆಂಚಮ್ಮನ ಹೂಟ. "ನಿಮ್ಮವ್ವ ಹೇಳ್ಕೊಟ್ಳಾ?" ಎಂದು ಕೇಳಿದಳು. ಸೊಸೆ ಟಿ.ವಿ.ಯ ತಂತಿ ಕಿತ್ತಿಟ್ಟಳು.

ಮೊದಲ ವಾರ ಸಿದ್ದಮ್ಮ ಕದ್ದು ತಿನ್ನಿಸಿದಳು. ಹುಳುಮನೆಯ ಸುಣ್ಣದ ಡಬ್ಬಿಯ ಹಿಂದೆ ಬಿಸ್ಕತ್ತು ಇಟ್ಟಿದ್ದಳು. ಸೊಸೆ ವ್ಯಾನು ಹತ್ತಿದರೆ ಅದು ಹೊರಗೆ ಬರುತ್ತಿತ್ತು, ಟಿ.ವಿ.ಯ ತಂತಿಯೂ ಮತ್ತೆ ಪ್ಲಗ್ಗಿಗೆ ಸೇರುತ್ತಿತ್ತು. ಅಷ್ಟರಲ್ಲಿ ಕೆಂಚಮ್ಮನ ಭಾನುವಾರ ಬಂತು. ಅಂದು ಅಶ್ವಥ್ ಪಾಳಿಯಲ್ಲಿದ್ದ, ರಾಧಾಮಣಿ ಬಟ್ಟೆಯ ಗಂಟು ಹೊತ್ತು ಕೆರೆಗೆ ಹೋಗಿದ್ದಳು. ಈ ಸಲ ಕೆಂಚಮ್ಮನ ಚೀಲದಲ್ಲಿ ಡಬ್ಬಿ ಇರಲಿಲ್ಲ. ಮಗಳು ಫೋನಿನಲ್ಲಿ ಹೇಳಿದ್ದಕ್ಕೆ ಮಿಠಾಯಿ ಬಿಟ್ಟು ನಾಲ್ಕು ಸೀಬೆಕಾಯಿ ತಂದಿದ್ದಳು. ಡಬ್ಬಿಯಿಲ್ಲದ ಕೆಂಚಮ್ಮನ ಬಳಿಗೂ ಮಗು ಹಾಗೇ ಓಡಿತು. ಸಿದ್ದಮ್ಮನ ಎದೆಯಲ್ಲಿ ಕೆಂಡ ಕದಲಿತು. ಎರಡು ವರ್ಷ ಮಿಠಾಯಿಯ ಮೇಲೆ ಹೊರಿಸಿದ್ದ ಅಪವಾದ ಈಗ ಯಾರ ಮೇಲೆ ಹೊರಿಸುವುದು?

ಮಧ್ಯಾಹ್ನ ಕೆಂಚಮ್ಮ ಹುಳುಮನೆ ನೋಡಲು ಬಂದಳು. ಅವರ ಕಡೆ ರಾಗಿ, ಅವರೆ. ಹುಳುವಿನ ಗಂಧ ಅವಳಿಗಿಲ್ಲ. "ಯಾಕ್ ಬೀಗಿತ್ತಿ, ಸೊಪ್ಪೇ ಹಾಕಿಲ್ಲ? ಪಾಪ, ತಲೆ ಎತ್ಕಂಡು ಕಾಯ್ತಾ ಅವೆ."

ಸಿದ್ದಮ್ಮನಿಗೆ ಹಿಗ್ಗಾಯಿತು. ಗೊತ್ತಿಲ್ಲದವಳಿಗೆ ಗೊತ್ತಿದ್ದವಳು ಹೇಳಿಕೊಡುವ ಹಿಗ್ಗು. "ಕಾಯ್ತಾ ಇಲ್ಲ ಕಣವ್ವಾ, ಜ್ವರಕ್ಕೆ ಕೂತವೆ. ಈಗ ಸೊಪ್ಪು ಹಾಕುದ್ರೆ ಎಲೆ ಕೊಳೆತು ರೋಗ ಬತ್ತದೆ. ಒಂದು ಹುಳ ದಪ್ಪ, ಒಂದು ಸಣ್ಣ ಆಯ್ತವೆ. ಬ್ಯಾಡ ಅಂತ ತಲೆ ಎತ್ತುದ್ ಮ್ಯಾಲೆ ಹಾಕೋಳು ಸಾಕೋಳಲ್ಲ, ಕೊಲ್ಲೋಳು. ಒಂದ್ ತಲೆಮಾರು ಸಾಕುದ್ರೇನೆ ಇದು ಗೊತ್ತಾಗೋದು."

"ಔದಾ?" ಎಂದಳು ಕೆಂಚಮ್ಮ. ಆಮೇಲೆ ಊಟ. ಸಿದ್ದಮ್ಮ ತಂತಿ ಸಿಕ್ಕಿಸಿ, ಟಿ.ವಿ. ಹಚ್ಚಿ, ತಟ್ಟೆ ಹಿಡಿದು ಕೂತಳು. ಹತ್ತು ತುತ್ತಿಗೆ ಸಿಂಚನ ಮುಖ ಎತ್ತಿ ಆ ಕಡೆ ತಿರುಗಿಸಿದಳು. ಸಿದ್ದಮ್ಮ ಗಲ್ಲ ಹಿಡಿದು ಈ ಕಡೆ ತಿರುಗಿಸಿದಳು.

ಕಂಬಕ್ಕೆ ಒರಗಿದ್ದ ಕೆಂಚಮ್ಮ ಎಲೆ ಅಡಿಕೆ ಮಡಚುತ್ತ ಹೇಳಿದಳು: "ಬೀಗಿತ್ತಿ, ಹುಳ ತಲೆ ಎತ್ತುದ್ರೆ ನಿಮ್ಗೆ ಗೊತ್ತಾಯ್ತದೆ. ಮೊಗು ಮುಖ ಎತ್ತುದ್ರೆ ಗೊತ್ತಾಗಕಿಲ್ವಾ?"

ಜಗಲಿಯಲ್ಲಿದ್ದ ಮರಿಯಪ್ಪ ಕಿಸಕ್ಕನೆ ನಕ್ಕ. "ನಿಮ್ಮ ನಗೂನ ಸುಟ್ಟಾಕ" ಎಂದಳು ಸಿದ್ದಮ್ಮ. ಆದರೆ ಕೆಂಚಮ್ಮನ ಮಾತು ನಿಜವಾಗಿತ್ತು, ಅದಕ್ಕಿಂತ ಹೆಚ್ಚಾಗಿ ಅವಳದೇ ವಿದ್ಯೆಯಿಂದ ಎತ್ತಿಕೊಂಡದ್ದಾಗಿತ್ತು. ಹುಳುವಿನ ಮುಖ ಕಾಣದವಳು, ಹೇಳಿಕೊಟ್ಟು ಒಂದು ಗಂಟೆ ಆಗಿಲ್ಲ, ಅದರಿಂದಲೇ ಗುರುವಿಗೆ ಹೊಡೆದಿದ್ದಳು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಎದ್ದಳು.

ಜ್ಞಾನೋದಯ ಎಂದೇನೂ ತಿಳಿಯಬೇಕಾಗಿಲ್ಲ. ಅಂದಿನಿಂದ ಅವಳು ಬದಲಾದದ್ದು ಕೆಂಚಮ್ಮನ ಪಾಲಿಗೆ ಮಗು ಹೋಗಬಾರದು ಎಂಬ ಒಂದೇ ಕಾರಣಕ್ಕೆ. ಬಿಸ್ಕತ್ತು ನಾಯಿಗೆ ಬಿತ್ತು. ಬೆಳಗ್ಗೆ ಹಿಪ್ಪುನೇರಳೆ ಸೊಪ್ಪಿನ ತೋಟಕ್ಕೆ ಹೋಗುವಾಗ ಮೊಮ್ಮಗಳ ಕೈಗೊಂದು ಪುಟ್ಟ ಕುಕ್ಕೆ ಕೊಟ್ಟಳು. ಮೊದಲ ದಿನ ಮಗು ಅರ್ಧ ದಾರಿಯಲ್ಲಿ ಕೂತುಬಿಟ್ಟಿತು. ತಿಂಗಳೊಪ್ಪತ್ತಿನಲ್ಲಿ ಸಾಲಿನಿಂದ ಸಾಲಿಗೆ ಓಡಿ ಎಲೆ ಬಿಡಿಸುವಂತಾಯಿತು. ಅಶ್ವಥ್ ಬಾಟಲಿ ಬಿಟ್ಟು, ಪಾಳಿಯಿಲ್ಲದ ಸಂಜೆ ಮಗಳ ಜೊತೆ ಚೆಂಡಾಡುತ್ತಿದ್ದ. ರಾಧಾಮಣಿ ಬಂದ ಮೇಲೆ ಎಲ್ಲರೂ ಒಟ್ಟಿಗೆ ಉಣ್ಣುತ್ತಿದ್ದರು.

ಕಷ್ಟವಾದದ್ದು ತಟ್ಟೆ. "ಸಾಕಜ್ಜಿ" ಎಂದು ಮಗು ಎಂದಾಗ, ಉಳಿದ ಮುದ್ದೆಯನ್ನು ಸಿದ್ದಮ್ಮ ದಿಟ್ಟಿಸುತ್ತಿದ್ದಳು. ಉಣ್ಣು ಎನ್ನದೆ ಪ್ರೀತಿ ತೋರಿಸುವ ಬಗೆ ಅವಳಿಗೆ ಯಾರೂ ಕಲಿಸಿರಲಿಲ್ಲ. ತುಟಿ ಕಚ್ಚಿ ತಟ್ಟೆ ಎತ್ತುತ್ತಿದ್ದಳು.

ನಡುವೆ ದಸರೆ ಬಂತು. ಎಂಟು ದಿನ ಸಿಂಚನ ಕೂಟಗಲ್ಲಿಗೆ ಹೋದಳು. ಬಂದವಳು ಅಜ್ಜಿಯ ಜೊತೆ ಗುಡ್ಡ ಹತ್ತಿದ್ದನ್ನೇ ನಾಲ್ಕು ದಿನ ಹೇಳಿದಳು. ಸಿದ್ದಮ್ಮ ಐದನೆಯ ದಿನ ಅವಳನ್ನು ಕೆರೆ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆಸಿದಳು. "ಗುಡ್ಡ ಇಷ್ಟುದ್ದ ಇತ್ತಾ? ಇತ್ತಾ, ಹೇಳು" ಎಂದು ಕೇಳಿದಳು.

ಮೂರು ತಿಂಗಳು ತುಂಬಿದ ದಿನ ಮತ್ತೆ ಚನ್ನಪಟ್ಟಣ. ಈ ಸಲ ಸಿದ್ದಮ್ಮ ಮತ್ತು ಸೊಸೆ. ಸಿಂಚನ ತಕ್ಕಡಿ ಹತ್ತಿದಳು. ಇಪ್ಪತ್ತಾರೂವರೆ.

ಒಂದು ಗುಲಗಂಜಿಯೂ ಇಳಿದಿರಲಿಲ್ಲ. ಮಗುವನ್ನು ಕೂಟಗಲ್ಲಿನ ಬಸ್ಸು ಹತ್ತಿಸುವ ಚಿತ್ರ ಸಿದ್ದಮ್ಮನ ಕಣ್ಣಿಗೆ ಬಂದೇಬಿಟ್ಟಿತು. ಆದರೆ ಡಾಕ್ಟರು ಎತ್ತರ ಅಳೆದು ತಲೆದೂಗಿದರು. "ಬೆಳೆಯೋ ಮಗು ಇದು, ತೂಕ ಇಳಿಸೋದು ಬೇಡ. ತೂಕ ನಿಂತಿದೆ, ಎತ್ತರ ಏರಿದೆ. ನನಗೆ ಬೇಕಾಗಿದ್ದು ಇದೇ. ಹೀಗೇ ನಡೆಸಿಕೊಂಡು ಹೋಗಿ, ಒಂದೆರಡು ವರ್ಷದಲ್ಲಿ ಸರಿಹೋಗ್ತಾಳೆ. ಯಾರು ನೋಡ್ಕೊಂಡಿದ್ದು?"

"ನಮ್ಮತ್ತೆ" ಎಂದಳು ರಾಧಾಮಣಿ. "ಇನ್ಮುಂದೂ ಅವ್ರೇ ನೋಡ್ಕತಾರೆ."

ಬೇರೆ ಯಾರಾದರೂ ಅಲ್ಲಿಗೆ ತೃಪ್ತಿ ಪಡುತ್ತಿದ್ದರು. ಸಿದ್ದಮ್ಮ ಮೇಜಿನ ಮೇಲೆ ಬಾಗಿದಳು. "ಡಾಕ್ಟ್ರವ್ವಾ, ಮಧ್ಯದಲ್ಲಿ ಎಂಟು ದಿನ ಕೂಟಗಲ್ನಲ್ಲಿದ್ಲು. ಅದ್ರಿಂದ ಆಗಿದ್ದೆಷ್ಟು, ನನ್ನಿಂದ ಆಗಿದ್ದೆಷ್ಟು, ಒಸಿ ಬಿಡ್ಸಿ ಹೇಳ್ತೀರಾ?"

ಡಾಕ್ಟರು ಕನ್ನಡಕ ತೆಗೆದು ಅವಳನ್ನು ನೋಡಿ, ಮುಂದಿನ ಮಗುವನ್ನು ಕರೆದರು.

ಬಸ್ ನಿಲ್ದಾಣದಲ್ಲಿ ಅಂಗಡಿಯ ಬಾಗಿಲಿಗೆ ಪೊಟ್ಟಣಗಳ ಸರ ತೂಗುತ್ತಿತ್ತು. ಸಿಂಚನ ನಿಂತಳು, ಅಜ್ಜಿಯ ಸೆರಗು ಜಗ್ಗಿದಳು. ಸಿದ್ದಮ್ಮ ಇಲ್ಲವೆಂದು ತಲೆಯಾಡಿಸಿದಳು. ಸಿಂಚನ ತುಟಿ ಉಬ್ಬಿಸಿ, "ಕೂಟಗಲ್ಲಜ್ಜೀನೂ ಕೊಡ್ಸಲ್ಲ, ನೀನೂ ಕೊಡ್ಸಲ್ಲ" ಎಂದಳು.

ಸಿದ್ದಮ್ಮ ಗಕ್ಕನೆ ನಿಂತಳು. "ಅವ್ಳೂ ಕೊಡ್ಸಲ್ವಾ? ಒಂದ್ ದಿನಾನೂ?"

"ಒಂದ್ ದಿನಾನೂ ಇಲ್ಲ."

"ಹಂಗಾರೆ ನಡಿ" ಎಂದು ಸಿದ್ದಮ್ಮ ಮೊಮ್ಮಗಳ ಕೈ ಹಿಡಿದು ಹೊಂಗನೂರಿನ ಬಸ್ಸಿನ ಕಡೆಗೆ ಹೊರಟಳು.